ಕಥೆಗೂ ಒಂದು ಹುಟ್ಟಿದ ವರ್ಷ ಇರುತ್ತದೆ: ಲ್ಯಾಂಡಿಡ್ನೊದ ಆಡಿಯೋ ಗೈಡ್ ಬರೆಯುತ್ತಾ ಕಲಿತದ್ದು

ವೇಲ್ಸ್‌ನ ಉತ್ತರ ಕರಾವಳಿಯ ಲ್ಯಾಂಡಿಡ್ನೊ ಊರಿನ ವೆಸ್ಟ್ ಶೋರ್ ದಂಡೆಯಲ್ಲಿ 1933ರಲ್ಲಿ ಬಿಳಿ ಮೊಲದ ಕಲ್ಲಿನ ಪ್ರತಿಮೆಯೊಂದನ್ನು ನಿಲ್ಲಿಸಿದರು. ಅನಾವರಣ ಮಾಡಿದವರು ಬ್ರಿಟನ್ನಿನ ಮಾಜಿ ಪ್ರಧಾನಿ ಡೇವಿಡ್ ಲಾಯ್ಡ್ ಜಾರ್ಜ್. ಪುಟ್ಟ ಆಲಿಸ್ ಲಿಡೆಲ್ ಜೊತೆ ಇದೇ ದಂಡೆಯಲ್ಲಿ ಅಡ್ಡಾಡುತ್ತಿದ್ದಾಗಲೇ ಲೂಯಿಸ್ ಕ್ಯಾರೊಲ್‌ಗೆ ಬಿಳಿ ಮೊಲವೂ ಬರುವ 'ಆಲಿಸ್ ಇನ್ ವಂಡರ್‌ಲ್ಯಾಂಡ್' ಎಂಬ ಆಲಿಸಳ ಕಥೆ ಬರೆಯುವ ಪ್ರೇರಣೆ ಬಂತು ಎಂಬುದು ಅದರ ಮೇಲಿನ ಬರಹದ ಸಾರ. ಮಾಜಿ ಪ್ರಧಾನಿಯೇ ಬಂದು ಪರದೆ ಸರಿಸಿದ ಮೇಲೆ ಯಾರು ತಾನೆ ಅನುಮಾನಪಟ್ಟಾರು? ಆದರೆ ಕ್ಯಾರೊಲ್ ಈ ಊರಿಗೆ ಕಾಲಿಟ್ಟಿದ್ದರು ಎನ್ನುವುದಕ್ಕೆ ಆ ಕಾಲದ ಒಂದೇ ಒಂದು ದಾಖಲೆಯೂ ಸಿಕ್ಕಿಲ್ಲ.

ಪ್ರವಾಸಿ ಊರುಗಳಿಗೆ ಆಡಿಯೋ ಗೈಡ್ ಸ್ಕ್ರಿಪ್ಟ್ ಬರೆಯುವುದು ನನ್ನ ಕೆಲಸ. ಜನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಡಲದಂಡೆಯಲ್ಲಿ ನಡೆಯುತ್ತಾರೆ, ನಾವು ಬರೆದದ್ದನ್ನು ಹಾಗೇ ನಂಬುತ್ತಾರೆ. ಓದುವವರಾದರೆ ಅನುಮಾನ ಬಂದಾಗ ಪುಟ ಹಿಂದಕ್ಕೆ ತಿರುಗಿಸುತ್ತಾರೆ. ಕೇಳುವವರಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ, ಮುಂದಿನ ನಿಲುಗಡೆ ಬಂದುಬಿಟ್ಟಿರುತ್ತದೆ. ಹಾಗಾಗಿ ಸ್ಥಳಪುರಾಣ ಯಾವುದು, ಇತಿಹಾಸ ಯಾವುದು ಎಂದು ಬೇರೆ ಮಾಡಿ ಹೇಳುವ ಹೊಣೆ ಪೂರ್ತಿ ನಮ್ಮ ಮೇಲೇ ಬೀಳುತ್ತದೆ. ಲ್ಯಾಂಡಿಡ್ನೊ ಕೈಗೆ ಬಂದಾಗ ಈ ಹೊಣೆ ಎಷ್ಟು ಭಾರದ್ದು ಎಂದು ಗೊತ್ತಾಯಿತು. ಆ ಊರಿನಲ್ಲಿ ಬಂಡೆ, ಮನೆ, ಮೇಕೆ ಎಲ್ಲಕ್ಕೂ ಒಂದೊಂದು ಕಥೆ ಇದೆ.

ಆಲಿಸಳದ್ದನ್ನೇ ತೆಗೆದುಕೊಳ್ಳಿ. ಅದರಲ್ಲಿ ನಿಜವೂ ಸಾಕಷ್ಟಿದೆ. 1861ರ ಏಪ್ರಿಲ್ 7ರ ರಾತ್ರಿ ಬ್ರಿಟನ್ನಿನಲ್ಲಿ ಜನಗಣತಿ ನಡೆಯಿತು. ಆಗ ಲಿಡೆಲ್ ಕುಟುಂಬ ಈಸ್ಟರ್ ರಜೆಗೆಂದು ಲ್ಯಾಂಡಿಡ್ನೊದಲ್ಲಿ ಇಳಿದುಕೊಂಡಿತ್ತು. ಗಣತಿಯ ಹಾಳೆಯಲ್ಲಿ ಸಾಲಾಗಿ ಖಾನೆಗಳಿವೆ: ಹೆಸರು, ಮನೆಯ ಯಜಮಾನನಿಗೆ ಏನಾಗಬೇಕು, ಮದುವೆಯಾಗಿದೆಯೇ, ವಯಸ್ಸು, ಉದ್ಯೋಗ, ಹುಟ್ಟಿದ ಊರು. ಆಲಿಸಳಿಗೆ ಆಗ 8 ವರ್ಷ, ಮುಂದಿನ ತಿಂಗಳು 9 ತುಂಬುವುದರಲ್ಲಿತ್ತು. ಈ ಹಾಳೆಯ ಮೇಲೆ ನನಗೆ ಬಹಳ ಗೌರವ. ಅದನ್ನು ತುಂಬಿದ ಗುಮಾಸ್ತನಿಗೆ ಆಲಿಸ್ ಮುಂದೆ ಯಾರಾಗುತ್ತಾಳೆ ಎನ್ನುವುದು ಗೊತ್ತಿರಲು ಸಾಧ್ಯವೇ ಇಲ್ಲ, ಪುಸ್ತಕ ಬಂದದ್ದೇ 1865ರಲ್ಲಿ. ಯಾವ ಕಥೆಯನ್ನೂ ಸಮರ್ಥಿಸುವ ಉದ್ದೇಶವಿಲ್ಲದೆ ಬರೆದಿಟ್ಟ ಸಾಲಿಗೆ ಇರುವ ಬೆಲೆ ಬೇರೆಯೇ.

ಅವಳ ತಂದೆ ಹೆನ್ರಿ ಲಿಡೆಲ್ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನ ಡೀನ್. 1862ರಲ್ಲಿ ಅವರು ವೆಸ್ಟ್ ಶೋರ್‌ನಲ್ಲಿ ಪೆನ್‌ಮೋರ್ವ ಎಂಬ ರಜೆಯ ಮನೆ ಕಟ್ಟಿಸಿದರು. ಕಲಾವಿದ ವಿಲಿಯಂ ರಿಚ್‌ಮಂಡ್ ಅಲ್ಲಿಗೆ ಬಂದು, ಗ್ರೇಟ್ ಓರ್ಮ್ ಗುಡ್ಡದ ಹಿನ್ನೆಲೆಯಲ್ಲಿ ಮೂವರು ಅಕ್ಕತಂಗಿಯರ ಚಿತ್ರ ಬರೆದರು. ಇಷ್ಟಕ್ಕೆಲ್ಲ ಆಧಾರ ಇದೆ. ಆಲಿಸಳ ಬಾಲ್ಯದ ಒಂದು ಭಾಗ ಲ್ಯಾಂಡಿಡ್ನೊದಲ್ಲಿ ಕಳೆಯಿತು ಎಂದು ಧೈರ್ಯವಾಗಿ ಬರೆಯಬಹುದು.

ತೊಡಕು ಶುರುವಾಗುವುದು ಕ್ಯಾರೊಲ್ ಕಾಲಿಡುವಲ್ಲಿ. ಅವರ ದಿನಚರಿಯ 13 ಸಂಪುಟಗಳಲ್ಲಿ 4 ಕಳೆದುಹೋಗಿವೆ. 1858ರ ಏಪ್ರಿಲ್‌ನಿಂದ 1862ರ ಮೇ ತನಕದ ಬರವಣಿಗೆ ಹೀಗೆ ಕಳೆದದ್ದರಲ್ಲೇ ಸೇರಿದೆ. ಲಿಡೆಲ್ ಕುಟುಂಬದ ಈಸ್ಟರ್ ರಜೆ ಸರಿಯಾಗಿ ಈ ಖಾಲಿ ಜಾಗದಲ್ಲಿ ಬೀಳುತ್ತದೆ. ಊರಿನ ಕಥೆ ಬೇರು ಬಿಟ್ಟಿರುವುದೂ ಅಲ್ಲೇ: ದಿನಚರಿ ಸಿಕ್ಕಿದ್ದರೆ ತಿಳಿಯುತ್ತಿತ್ತು, ಅವರು ಬಂದಿರಲೂಬಹುದು. ಆದರೆ ಕಳೆದುಹೋದ ಪುಟ ಯಾರ ಪರವಾಗಿಯೂ ಸಾಕ್ಷಿ ಹೇಳುವುದಿಲ್ಲ. ಪೆನ್‌ಮೋರ್ವದಲ್ಲಿ ಲಿಡೆಲ್‌ಗಳು ರಜೆ ಕಳೆದ ವರ್ಷಗಳ ದಿನಚರಿ ನಮಗೆ ಸಿಕ್ಕಿದೆ, ಅದರಲ್ಲಿ ಲ್ಯಾಂಡಿಡ್ನೊ ಭೇಟಿಯ ಮಾತಿಲ್ಲ. ಕಥೆ ಮೊದಲು ಹೇಳಿದ ದಿನವಂತೂ ಗೊತ್ತೇ ಇದೆ: 1862ರ ಜುಲೈ 4, ಆಕ್ಸ್‌ಫರ್ಡಿನಿಂದ ಗಾಡ್‌ಸ್ಟೋವರೆಗಿನ ದೋಣಿ ವಿಹಾರ. ಜೊತೆಗೆ ಹುಟ್ಟು ಹಾಕುತ್ತಿದ್ದ ರಾಬಿನ್ಸನ್ ಡಕ್‌ವರ್ತ್ ಅದಕ್ಕೆ ಸಾಕ್ಷಿ.

ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ನೆರವಾದ ಪ್ರಶ್ನೆಯೊಂದಿದೆ. 'ಇದು ನಿಜವೇ?' ಎಂದು ಕೇಳಿದರೆ ಹೌದು, ಅಲ್ಲ ಎಂಬ ಜಗಳದಲ್ಲೇ ಮಾತು ನಿಂತುಬಿಡುತ್ತದೆ. 'ಇದನ್ನು ಮೊದಲು ಯಾರು, ಯಾವಾಗ ಹೇಳಿದರು?' ಎಂದು ಕೇಳಿದರೆ ಹುಡುಕುವುದಕ್ಕೆ ದಾರಿ ತೆರೆಯುತ್ತದೆ. ಪ್ರತಿಮೆಯ ಬರಹ 1861ರ ಬಗ್ಗೆ ಸಾಕ್ಷಿಯಲ್ಲ, 1933ರ ಬಗ್ಗೆ ಅತ್ಯುತ್ತಮ ಸಾಕ್ಷಿ. ಅದರ ಹಿಂದಿನ ವರ್ಷ, 1932ರಲ್ಲಿ, ಕ್ಯಾರೊಲ್ ಜನ್ಮಶತಮಾನೋತ್ಸವ ನಡೆದಿತ್ತು. ಎಂಬತ್ತರ ಆಲಿಸ್ ನ್ಯೂಯಾರ್ಕಿಗೆ ಹೋಗಿ ಕೊಲಂಬಿಯಾ ವಿಶ್ವವಿದ್ಯಾಲಯದ ಗೌರವ ಪದವಿ ಪಡೆದಿದ್ದರು. ಎಲ್ಲೆಡೆ ಅದೇ ಸುದ್ದಿ. ರಜೆಗೆ ಬರುವವರನ್ನೇ ನಂಬಿದ ಊರು, ಆಲಿಸಳೊಂದಿಗೆ ತನಗಿದ್ದ ನಿಜವಾದ ನಂಟನ್ನು ಒಂದು ಹೆಜ್ಜೆ ಮುಂದಕ್ಕೆ ಎಳೆಯಿತು ಎಂಬುದು ನನ್ನ ಊಹೆ. ಇದನ್ನು ಸ್ಕ್ರಿಪ್ಟಿನಲ್ಲೂ ಊಹೆ ಎಂದೇ ಬರೆದೆವು.

ಇದರ ಜೊತೆಗೇ ಬರುವ ಇನ್ನೊಂದು ಪಾಠ. ಕ್ಯಾರೊಲ್ ಇಲ್ಲಿಗೆ ಬಂದಿದ್ದರು ಎನ್ನುವ ಪ್ರವಾಸಿ ಪುಸ್ತಿಕೆಗಳು, ಲೇಖನಗಳು ಬೇಕಾದಷ್ಟಿವೆ. ಒಂದರಿಂದ ಇನ್ನೊಂದು ನಕಲಾಗಿದ್ದರೆ ಅವೆಲ್ಲ ಸೇರಿ ಒಬ್ಬನೇ ಸಾಕ್ಷಿ. ಪದಗಳೂ ಅವೇ, ತಪ್ಪುಗಳೂ ಅವೇ ಇದ್ದರೆ ಮೂಲ ಒಂದೇ ಎಂದು ತಿಳಿಯಿರಿ. 'ಎಂಬ ಪ್ರತೀತಿ ಇದೆ' ಎನ್ನುವ ಸಾಲನ್ನು ನಾನು ಈಗ ಸ್ಕ್ರಿಪ್ಟಿನಲ್ಲಿ ಬಿಡುವುದಿಲ್ಲ. ಯಾರ ಪ್ರತೀತಿ, ಎಂದಿನಿಂದ ಎಂಬುದು ಪಕ್ಕದಲ್ಲೇ ಇರಬೇಕು.

ವಿದ್ವಾಂಸರ ಊಹೆಯೂ ಸ್ಥಳಪುರಾಣ ಆಗುತ್ತದೆ ಎಂದು ತೋರಿಸಿದ್ದು ಗ್ರೇಟ್ ಓರ್ಮ್‌ನ ತಾಮ್ರದ ಗಣಿ. 1849ರಲ್ಲಿ ಅಲ್ಲಿ ಅಗೆಯುತ್ತಿದ್ದವರು ಯಾರೋ ಹಿಂದೆಯೇ ಕೊರೆದಿದ್ದ ಗುಹೆಯೊಂದಕ್ಕೆ ಹೊಕ್ಕರು. ಒಳಗೆ ಕಲ್ಲಿನ ಸುತ್ತಿಗೆಗಳು, ಮೂಳೆಗಳು. ಇದು ರೋಮನ್ನರ ಕೆಲಸ ಎಂದು ಆ ಕಾಲದ ತಿಳಿದವರೇ ಹೇಳಿದರು, ಊರೂ ಬಹುಕಾಲ ಅದನ್ನೇ ಹೇಳಿತು. 1987ರಲ್ಲಿ ಕಾರ್ ಪಾರ್ಕಿಂಗ್‌ಗೆಂದು ಜಾಗ ಸರಿಮಾಡಲು ಹೊರಟಾಗ ನಡೆದ ಪರಿಶೀಲನೆಯಿಂದ ಎಲ್ಲ ಬದಲಾಯಿತು. ಮೂಳೆ, ಇದ್ದಿಲಿನ ರೇಡಿಯೋಕಾರ್ಬನ್ ಪರೀಕ್ಷೆ ಕಂಚಿನ ಯುಗವನ್ನು ತೋರಿಸಿತು, ಸುಮಾರು 3,700 ವರ್ಷದ ಹಿಂದಿನ ಕಾಲ. ರೋಮನ್ನರು ಬ್ರಿಟನ್ನಿಗೆ ಬರುವುದಕ್ಕೆ ಇನ್ನೂ ಸುಮಾರು 1,700 ವರ್ಷ ಇತ್ತು. ಅಲ್ಲಿ ಸಿಕ್ಕ ಕಲ್ಲು ಸುತ್ತಿಗೆಗಳು 2,000ಕ್ಕೂ ಹೆಚ್ಚು, ಮೂಳೆಗಳು 30,000ಕ್ಕೂ ಹೆಚ್ಚು. ತಾಮ್ರ ಇಳಿದು ಎಷ್ಟೋ ಮೂಳೆಗಳು ಹಸಿರು ಬಣ್ಣಕ್ಕೆ ತಿರುಗಿವೆ. ನಿಜ ಕಥೆಗಿಂತ ಸಪ್ಪೆ ಎನ್ನುವವರಿಗೆ ನಾನು ಈ ಗಣಿಯನ್ನೇ ತೋರಿಸುತ್ತೇನೆ.

ಅದೇ ಗಣಿಯಲ್ಲಿ ದೊಡ್ಡವರು ನುಸುಳಲಾಗದಷ್ಟು ಇಕ್ಕಟ್ಟಾದ ಸುರಂಗಗಳಿವೆ. ಹಾಗಾಗಿ ಮಕ್ಕಳೇ ಅಗೆದಿರಬೇಕು ಎನ್ನುತ್ತಾರೆ. ಸುರಂಗದ ಅಗಲ ಅಳತೆ, ಮಕ್ಕಳ ಮಾತು ತರ್ಕ. ತರ್ಕ ಗಟ್ಟಿಯಾಗಿಯೇ ಇದೆ. ಆದರೂ ಎರಡನ್ನೂ ಒಂದೇ ವಾಕ್ಯದಲ್ಲಿ, ಒಂದೇ ದನಿಯಲ್ಲಿ ಹೇಳಬಾರದು ಎಂದು ನಾನು ಪಟ್ಟುಹಿಡಿದೆ. ದನಿ ಕೊಡುವ ಕಲಾವಿದರಿಗೆ ಅಲ್ಲಿ ಸ್ವಲ್ಪ ನಿಲ್ಲಿ ಎಂದು ಸೂಚನೆಯನ್ನೂ ಬರೆದೆ.

ಕಾನ್ವಿ ಕೊಲ್ಲಿಯಲ್ಲಿ ಮುಳುಗಿದೆ ಎನ್ನುವ ಹೆಲಿಗ್ ಅರಸನ ಅರಮನೆಯ ವಿಷಯ ಸುಲಭ. ಸಮುದ್ರ ತೀರಾ ಇಳಿದಾಗ ಕಾಣುವ ಕಲ್ಲುಗಳನ್ನು ಭೂವಿಜ್ಞಾನಿ ಎಫ್. ಜೆ. ನಾರ್ತ್ ಪರೀಕ್ಷಿಸಿ, ಹಿಮನದಿ ಬಿಟ್ಟುಹೋದ ಕಲ್ಲುಗಳೆಂದು ತೋರಿಸಿದರು. ಕಥೆಯನ್ನು ಕಥೆಯಾಗಿ ಪೂರ್ತಿ ಹೇಳಿ, ಕಲ್ಲನ್ನು ಕಲ್ಲಾಗಿ ವಿವರಿಸಿದೆವು. ಎರಡೂ ಚೆನ್ನಾಗಿವೆ.

ಮೇಕೆಗಳದ್ದು ಭಾರತದ ಓದುಗರಿಗೂ ಹತ್ತಿರದ ವಿಷಯ. 2020ರ ಲಾಕ್‌ಡೌನಿನಲ್ಲಿ ಲ್ಯಾಂಡಿಡ್ನೊ ಬೀದಿಗಳಲ್ಲಿ ಓಡಾಡಿ ಸುದ್ದಿಯಾದವಲ್ಲ, ಆ ಗ್ರೇಟ್ ಓರ್ಮ್ ಮೇಕೆಗಳು ಕಾಶ್ಮೀರಿ ತಳಿಯವು. ಪರ್ಷಿಯಾದ ಷಾ ವಿಕ್ಟೋರಿಯಾ ರಾಣಿಗೆ ಉಡುಗೊರೆ ಕೊಟ್ಟ ಜೋಡಿಯ ಸಂತತಿ ಎಂಬುದು ಜನಪ್ರಿಯ ಕಥೆ. ಆದರೆ ಕಾಶ್ಮೀರಿ ಶಾಲಿನ ಆಸೆಗೆ ಫ್ರಾನ್ಸ್ ತರಿಸಿಕೊಂಡಿದ್ದ ಮೇಕೆಗಳಲ್ಲಿ ಒಂದು ಜೋಡಿಯನ್ನು ಎಸೆಕ್ಸ್‌ನ ಜಮೀನುದಾರ ಕ್ರಿಸ್ಟೋಫರ್ ಟವರ್ 1820ರ ದಶಕದಲ್ಲೇ ಇಂಗ್ಲೆಂಡಿಗೆ ತಂದಿದ್ದರು. ವಿಂಡ್ಸರ್ ಅರಮನೆಯ ಹಿಂಡಿಗೆ ಅವೇ ಮೂಲ. ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು 1837ರಲ್ಲಿ. ವಿಂಡ್ಸರ್ ಹಿಂಡಿನ ಮೇಕೆಗಳು ಮೋಸ್ಟಿನ್ ಜಮೀನುದಾರರ ಮೂಲಕ ಓರ್ಮ್ ಗುಡ್ಡ ಸೇರಿದವು. ರಾಜಮನೆತನದ ನಂಟು ನಿಜ, ಷಾ ಬೇಕಾಗಿಲ್ಲ.

ಕೊನೆಯದಾಗಿ, ಊರಿನ ಹಿರಿಯರ ಮಾತು. 'ನಮ್ಮ ಮುತ್ತಜ್ಜಿ ಕ್ಯಾರೊಲ್‌ರನ್ನು ಕಂಡಿದ್ದಳು' ಎಂದು ಯಾರಾದರೂ ಹೇಳಿದಾಗ ಎದುರು ವಾದಿಸಬಾರದು. ಮುತ್ತಜ್ಜಿ ಹುಟ್ಟಿದ್ದು ಯಾವಾಗ, ಈ ಮಾತನ್ನು ನಿಮಗೆ ಹೇಳಿದವರು ಯಾರು ಎಂದು ವಿನಯದಿಂದ ಕೇಳಿ, ಬರೆದುಕೊಳ್ಳಬೇಕು. ಹೀಗೆ ಕೂತು ಕೇಳಿದಾಗಲೇ ಯುದ್ಧಕಾಲದ ಮಾತು ಹೊರಬರುತ್ತದೆ. ಎರಡನೇ ಮಹಾಯುದ್ಧದಲ್ಲಿ ಬಾಂಬ್ ದಾಳಿಗೆ ಹೆದರಿ ಬ್ರಿಟನ್ನಿನ ತೆರಿಗೆ ಇಲಾಖೆಯನ್ನು ಲಂಡನ್ನಿನಿಂದ ಇಲ್ಲಿಗೆ ಸಾಗಿಸಿದ್ದರು, ದಂಡೆಯ ಹೋಟೆಲುಗಳ ತುಂಬ ಕಡತ, ಗುಮಾಸ್ತರು. ಗ್ರೇಟ್ ಓರ್ಮ್ ಮೇಲೆ ಫಿರಂಗಿ ತರಬೇತಿ ಶಾಲೆ. ಕೇಳಿದರೆ ಇದೇ ಕಟ್ಟುಕಥೆ ಅನಿಸುತ್ತದೆ, ಆದರೆ ದಾಖಲೆಗಳು ಹಿರಿಯರ ಮಾತನ್ನೇ ಹೇಳುತ್ತವೆ. ಆ ನಿಲುಗಡೆಯಲ್ಲಿ ನಾವು ಸ್ಕ್ರಿಪ್ಟ್ ಕಡಿಮೆ ಮಾಡಿ, ಹಿರಿಯರ ದನಿಯನ್ನೇ ರೆಕಾರ್ಡ್ ಮಾಡಿ ಹಾಕಿದೆವು.