ಜಿಮ್ನಿಯೊಳಗೊಂದು ಗೂಟದ ಗೋಡೆ

ಹೋದ ವರ್ಷ ಜುಲೈ ತಿಂಗಳು, ಸಂಜೆ ಏಳು ಗಂಟೆ. ಸಕಲೇಶಪುರ ದಾಟಿ ಹಾನುಬಾಳಿನ ಕಡೆಯಿಂದ ನಮ್ಮ ದೊಡ್ಡಪ್ಪನ ತೋಟಕ್ಕೆ ಒಳಗೆ ಹೋಗುವ ಮಣ್ಣಿನ ದಾರಿ. ಜಡಿಮಳೆ. ನಮ್ಮ ಮುಂದೆ ಹೋಗುತ್ತಿದ್ದ ಪಕ್ಕದ ತೋಟದವರ ಪಿಕಪ್‌ನ ಹಿಂದಿನ ಚಕ್ರ ಚರಂಡಿಗೆ ಜಾರಿತು. ಎಳೆಯಲು ಬೇಕಾದದ್ದೆಲ್ಲ ನನ್ನ ಹತ್ತಿರ ಇತ್ತು. ಎಳೆಯುವ ಪಟ್ಟಿ ಇತ್ತು, ಪಟ್ಟಿಯನ್ನು ಗಾಡಿಗೆ ಸಿಕ್ಕಿಸುವ ಲೋಹದ ಕೊಂಡಿ, ಅಂದರೆ ಡಿ ಶ್ಯಾಕಲ್, ಎರಡು ಇದ್ದವು, ತಲೆಗೆ ಕಟ್ಟುವ ಟಾರ್ಚ್ ಇತ್ತು. ಆದರೆ ಪಟ್ಟಿ ಡಿಕ್ಕಿಯ ತಳದಲ್ಲಿ, ಅದರ ಮೇಲೆ ಅಕ್ಕಿ ಚೀಲ, ಅದರ ಮೇಲೆ ಎರಡು ಬ್ಯಾಗು, ಮೇಲೆ ಊರಿಗೆಂದು ತೆಗೆದುಕೊಂಡ ಸಾಮಾನು. ಟಾರ್ಚ್ ಯಾವ ಬ್ಯಾಗಿನಲ್ಲಿದೆ ಅಂತ ನನಗೂ ಗೊತ್ತಿರಲಿಲ್ಲ, ನನ್ನ ಹೆಂಡತಿಗೂ ಗೊತ್ತಿರಲಿಲ್ಲ. ಒಂದೊಂದೇ ಇಳಿಸಿ ಕೆಸರಿನಲ್ಲಿಟ್ಟೆವು. ಅಕ್ಕಿ ಚೀಲ ನೆನೆಯಿತು. ಇಪ್ಪತ್ತು ನಿಮಿಷ ಹುಡುಕಿದ ಮೇಲೆ ಪಟ್ಟಿ ಸಿಕ್ಕಿತು, ಅಷ್ಟರಲ್ಲಿ ಎರಡೂ ಕಾಲಿಗೆ ಇಂಬಳ ಹತ್ತಿತ್ತು. ಪಿಕಪ್ ಎಳೆದದ್ದು ಮಾತ್ರ ಮೂರೇ ನಿಮಿಷದ ಕೆಲಸ.

ಅವತ್ತು ರಾತ್ರಿ ದೊಡ್ಡಪ್ಪನ ಮನೆಯ ಜಗುಲಿಯಲ್ಲಿ ಕೂತು ಕಾಫಿ ಕುಡಿಯುವಾಗ ಗೋಡೆ ನೋಡಿದೆ. ಚಿಕ್ಕಂದಿನಿಂದ ನೋಡಿದ ಗೋಡೆಯೇ, ಆದರೆ ಅವತ್ತು ಬೇರೆ ಥರ ಕಂಡಿತು. ಸಾಲಾಗಿ ಮರದ ಗೂಟಗಳು. ಒಂದಕ್ಕೆ ಕಂಬಳಿ, ಒಂದಕ್ಕೆ ಕೊಡೆ, ಒಂದಕ್ಕೆ ಟಾರ್ಚ್, ಬಾಗಿಲ ಹತ್ತಿರದ್ದಕ್ಕೆ ಕತ್ತಿ. ಕರೆಂಟು ಹೋದರೂ ಅವರ ಕೈ ನೇರ ಟಾರ್ಚಿನ ಗೂಟಕ್ಕೇ ಹೋಗುತ್ತದೆ. ಒಳಗೆ ಅಡುಗೆಮನೆಯಲ್ಲಿ ಹಿಂದೆ ದೊಡ್ಡಮ್ಮನ ನೆಲುವು ಇತ್ತು, ಮೊಸರಿನ ಗಡಿಗೆ ಅಲ್ಲಿ, ಬೆಣ್ಣೆ ಅಲ್ಲಿ. ನೆಲದ ಜಾಗ ಸಾಲದೇ ಹೋದಾಗ ನಮ್ಮ ಹಿರಿಯರು ಗೋಡೆ ಮತ್ತು ಸೂರನ್ನು ಬಳಸಿದರು, ಅಷ್ಟೇ.

"ಕಾಡಲ್ಲಿ ಸಾಮಾನು ಇದ್ರೆ ಸಾಲ್ದು ಮಗ, ಕತ್ತಲೆಯಲ್ಲಿ ಕೈಗೆ ಸಿಗ್ಬೇಕು" ಅಂದರು ದೊಡ್ಡಪ್ಪ. ಅವರ ಹಳೇ ಜೀಪಿನಲ್ಲಿ ಮಳೆಗಾಲಕ್ಕೆ ಚಕ್ರಕ್ಕೆ ಸುತ್ತುವ ಚೈನು ಯಾವಾಗಲೂ ಡ್ರೈವರ್ ಸೀಟಿನ ಹಿಂದೆಯೇ ಇರುತ್ತಿತ್ತು. ಬೇರೆ ಕಡೆ ಯಾರಾದರೂ ಇಟ್ಟರೆ ಬೈಗುಳ ಗ್ಯಾರಂಟಿ.

ನನ್ನದು ಮಾರುತಿ ಸುಜುಕಿಯ ಐದು ಬಾಗಿಲಿನ ಜಿಮ್ನಿ, ನಾಲ್ಕೂ ಚಕ್ರಕ್ಕೆ ಎಳೆತ ಇರುವ ಪುಟ್ಟ ಗಾಡಿ. 2023ರ ಜೂನ್‌ನಲ್ಲಿ ನಮ್ಮಲ್ಲಿ ಮಾರಾಟಕ್ಕೆ ಬಂತಲ್ವಾ, ಅದೇ. ಕೆಸರು, ಕಲ್ಲು, ಏರು ಎಲ್ಲಕ್ಕೂ ನನಗೆ ಬಹಳ ಇಷ್ಟವಾದ ಗಾಡಿ. ಆದರೆ ಹಿಂದಿನ ಸೀಟು ಎತ್ತಿದ್ದರೆ ಡಿಕ್ಕಿ 208 ಲೀಟರ್, ಮಡಚಿದರೆ 332 ಲೀಟರ್. ಅಗಲ ಕಮ್ಮಿ, ಎತ್ತರ ಜಾಸ್ತಿ. ಅಂದರೆ ನಾವು ಒಂದರ ಮೇಲೊಂದು ಹೇರುತ್ತೇವೆ, ತಳದ್ದು ಬೇಕೆಂದರೆ ಎಲ್ಲ ಇಳಿಸಬೇಕು. ಡಿಕ್ಕಿಯ ಪಕ್ಕದ ಗಾಜುಗಳ ಒಳಬದಿಯ ಜಾಗ ಎರಡೂ ಕಡೆ ಸುಮ್ನೆ ಖಾಲಿ ಇರುತ್ತದೆ. ಗೋಡೆ ಇದೆ, ಗೂಟ ಇಲ್ಲ.

ಆ ಗೋಡೆಗೆ ಗೂಟದ ಬದಲು ಕೂರಿಸಲು ಸಿಗುವ, ಕಂಡಿ ಕೊರೆದ ಲೋಹದ ತಟ್ಟೆಗಳಿಗೆ ಎಲ್ಲರೂ ಮಾಲಿ ಪ್ಯಾನೆಲ್ ಅಂತಾರೆ. ಹೆಸರು ಬಂದದ್ದು ಅಮೆರಿಕದ ಸೈನ್ಯದಿಂದ. 1990ರ ದಶಕದ ಕೊನೆಯಲ್ಲಿ ಅವರು ಸೈನಿಕರ ಜಾಕೆಟ್ ಮತ್ತು ಬೆನ್ನುಚೀಲಕ್ಕೆ ಒಂದು ಪದ್ಧತಿ ತಂದರು. ಒಂದು ಇಂಚು ಅಗಲದ ನೈಲಾನ್ ಪಟ್ಟಿಗಳು ಅಡ್ಡ ಸಾಲಿನಲ್ಲಿ, ಸಾಲು ಸಾಲಿನ ನಡುವೆ ಒಂದು ಇಂಚು ಬಿಡುವು, ಪ್ರತಿ ಒಂದೂವರೆ ಇಂಚಿಗೆ ಒಂದು ಹೊಲಿಗೆ. ಚೀಲದ ಹಿಂದಿನ ಪಟ್ಟಿಯನ್ನು ಇದರೊಳಗೆ ನೇಯ್ದು ಗುಂಡಿ ಹಾಕಿದರೆ ಮುಗಿಯಿತು. ಯಾವ ಚೀಲ ಎಲ್ಲಿ ಬೇಕಾದರೂ ಕೂರುತ್ತದೆ. ಗಾಡಿಯ ಪ್ಯಾನೆಲ್ ಅಂದರೆ ಅದೇ ಅಳತೆಯ ಕಂಡಿಗಳನ್ನು ಲೋಹದ ಶೀಟಿನಲ್ಲಿ ಕೊರೆದದ್ದು. ಇಷ್ಟು ಸರಳ ಇರುವುದಕ್ಕೇ ನನಗೆ ಅದು ಹಿಡಿಸಿತು.

ರೆಡಿಮೇಡ್ ಸಿಗುತ್ತದೆ. ನನಗೆ ನನ್ನ ಅಳತೆಗೇ ಬೇಕಿತ್ತು, ಹಾಗಾಗಿ ಮಾಡಿಸಿದೆ. ಮೊದಲು ಫ್ರಿಜ್ ಬಂದಿದ್ದ ರಟ್ಟಿನ ಪೆಟ್ಟಿಗೆ ಕತ್ತರಿಸಿ ಗಾಜಿನ ಮುಂದೆ ಹಿಡಿದು, ಮತ್ತೆ ಕತ್ತರಿಸಿ, ಮತ್ತೆ ಹಿಡಿದು ನೋಡಿದೆ. ಎರಡು ಭಾನುವಾರ ಇದಕ್ಕೇ ಹೋಯಿತು. ಇದನ್ನು ಯಾರೂ ಬಿಡಬೇಡಿ, ರಟ್ಟು ತಪ್ಪಾದರೆ ಏನೂ ನಷ್ಟ ಇಲ್ಲ. ರಟ್ಟನ್ನು ಅಂಟಿಸಿಟ್ಟು ಒಂದು ವಾರ ಆಫೀಸಿಗೆ ಓಡಾಡಿ, ಹಿಂದಿನ ಸೀಟು ಹಿಂದಕ್ಕೆ ವಾಲಿಸಿದರೆ ತಾಗುತ್ತಾ, ಸೀಟ್‌ಬೆಲ್ಟ್ ಎಳೆದರೆ ಉಜ್ಜುತ್ತಾ, ಕನ್ನಡಿಯಲ್ಲಿ ಎಷ್ಟು ಮರೆಯಾಗುತ್ತೆ ಎಲ್ಲ ನೋಡಿಕೊಂಡೆ. ಗಾಜನ್ನು ಪೂರ್ತಿ ಮುಚ್ಚಿದರೆ ಪಕ್ಕದಿಂದ ಬರುವ ಬೈಕು ಕಾಣುವುದಿಲ್ಲ. ಅದಕ್ಕೆ ನನ್ನ ಪ್ಯಾನೆಲ್ ಮೇಲಿನ ಮೂರನೇ ಒಂದು ಭಾಗದಲ್ಲಿ ಬರೀ ಕಂಡಿ, ಅಲ್ಲಿ ಏನೂ ನೇತುಹಾಕುವುದಿಲ್ಲ.

ಕಬ್ಬಿಣವೋ ಅಲ್ಯೂಮಿನಿಯಮ್ಮೋ? ನಾನು ಲೆಕ್ಕ ಹಾಕಿದೆ. 70 ಸೆಂಟಿಮೀಟರ್ ಉದ್ದ, 30 ಅಗಲದ ತಟ್ಟೆ 2 ಮಿ.ಮೀ. ಕಬ್ಬಿಣದ್ದಾದರೆ ಸುಮಾರು 3.3 ಕಿಲೋ, 3 ಮಿ.ಮೀ. ಅಲ್ಯೂಮಿನಿಯಮ್ ಆದರೆ 1.7 ಕಿಲೋ. ಕಂಡಿ ಕೊರೆದ ಮೇಲೆ ಎರಡೂ ಮೂರನೇ ಒಂದು ಭಾಗದಷ್ಟು ಹಗುರಾಗುತ್ತವೆ. ಜಿಮ್ನಿಗೆ ತೂಕ ದೊಡ್ಡ ವಿಷಯ. ಖಾಲಿ ಗಾಡಿ ಸುಮಾರು 1,200 ಕಿಲೋ, ಜನ ಸಾಮಾನು ಎಲ್ಲ ಸೇರಿ ಗರಿಷ್ಠ 1,545 ಕಿಲೋ. ನಾಲ್ಕು ಜನ ದೊಡ್ಡವರು ಕೂತರೆ ಉಳಿಯುವುದು ಅರವತ್ತು ಕಿಲೋ ಚಿಲ್ಲರೆ. ಅದರಲ್ಲಿ ಎರಡು ಕಬ್ಬಿಣದ ತಟ್ಟೆಗೇ ನಾಲ್ಕೂವರೆ ಕಿಲೋ ಕೊಡಲು ನನಗೆ ಮನಸ್ಸಿಲ್ಲ. ಅಲ್ಯೂಮಿನಿಯಮ್ ತೆಗೆದುಕೊಂಡೆ.

ಬೆಂಗಳೂರಿನ ಪೀಣ್ಯದಲ್ಲಿ ಒಂದು ಕಡೆ ಲೇಸರ್ ಕಟಿಂಗ್ ಮಾಡಿಸಿದೆ. ಕಟಿಂಗ್ ಚೆನ್ನಾಗಿತ್ತು, ಆದರೆ ಅಂಚು ಉಜ್ಜಿರಲಿಲ್ಲ. ಹಾಗೇ ಪೌಡರ್ ಕೋಟಿಂಗ್ (ಪುಡಿ ಬಣ್ಣ ಹೊಡೆದು ಬಿಸಿಯಲ್ಲಿ ಗಟ್ಟಿ ಮಾಡುವುದು) ಹೊಡೆದು ಕೊಟ್ಟುಬಿಟ್ಟರು. ಕಪ್ಪಗೆ ಹೊಳೆಯುತ್ತಿತ್ತು, ನನಗೂ ಗೊತ್ತಾಗಲಿಲ್ಲ. ಎರಡನೇ ಪ್ರವಾಸ ಮುಗಿಸಿ ಬಂದಾಗ ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ ಕಟ್ಟಿದ್ದ ಪಟ್ಟಿ ಅರ್ಧ ಸವೆದು ದಾರ ದಾರವಾಗಿತ್ತು. ಗುಂಡಿ ರಸ್ತೆಯಲ್ಲಿ ಪಟ್ಟಿ ಆ ಅಂಚಿನ ಮೇಲೆ ಆಡುತ್ತಲೇ ಇರುತ್ತದೆ, ಬ್ಲೇಡಿನ ಹಾಗೆ ಕೊಯ್ದಿದೆ. ಮತ್ತೆ ಬಿಚ್ಚಿ, ಪ್ರತಿ ಕಂಡಿಗೂ ಅರ್ಧ ದುಂಡಗಿನ ಅರ ಹಾಕಿ, ಎಮರಿ ಪೇಪರ್ ಉಜ್ಜಿ, ಇನ್ನೊಂದು ಸಲ ಕೋಟಿಂಗ್ ಮಾಡಿಸಿದೆ. ಒಟ್ಟು ಕಂಡಿ ನೂರರ ಮೇಲೆ. ನೀವು ಮಾಡಿಸುವುದಾದರೆ ಕೋಟಿಂಗಿಗೆ ಕಳಿಸುವ ಮೊದಲೇ ಹತ್ತಿಯ ತುಂಡು ತೆಗೆದುಕೊಂಡು ಕಂಡಿಯೊಳಗೆ ಓಡಿಸಿ ನೋಡಿ. ಹತ್ತಿ ಸಿಕ್ಕಿಕೊಂಡರೆ ಇನ್ನೂ ಉಜ್ಜಬೇಕು ಅಂತ ಅರ್ಥ.

ಕೂರಿಸುವ ಬಗ್ಗೆ ಎರಡು ವಿಷಯ ಗಟ್ಟಿಯಾಗಿ ಹೇಳುತ್ತೇನೆ. ಸೀಟ್‌ಬೆಲ್ಟಿನ ಬೋಲ್ಟ್ ಬಿಚ್ಚಿ ಅದೇ ಜಾಗಕ್ಕೆ ಪ್ಯಾನೆಲ್ ಸೇರಿಸಿ ಬಿಗಿಯುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಬೋಲ್ಟ್ ಇರುವುದು ಮನುಷ್ಯರ ಜೀವ ಹಿಡಿಯಲು. ಇನ್ನೊಂದು, ನಮ್ಮ ಜಿಮ್ನಿಯಲ್ಲಿ ಆರು ಏರ್‌ಬ್ಯಾಗ್ ಇವೆ, ಅದರಲ್ಲಿ ಎರಡು ಪರದೆಯಂಥವು, ಸೂರಿನ ಅಂಚಿನಿಂದ ಪಕ್ಕದ ಗಾಜಿನ ಮೇಲೆ ಇಳಿಯುತ್ತವೆ. ಸೂರಿನ ಹತ್ತಿರದ ಟ್ರಿಮ್ (ಒಳಗಿನ ಪ್ಲಾಸ್ಟಿಕ್ ಹೊದಿಕೆ) ಕೊರೆಯುವುದು, ಅಲ್ಲಿ ಅಡ್ಡ ಏನಾದರೂ ಕಟ್ಟುವುದು ಅಪಾಯ. ನಾನು ಹಿಂದಿನ ಸೀಟಿನ ಬೆನ್ನಿಗಿಂತ ಮುಂದಕ್ಕೆ ಪ್ಯಾನೆಲ್ ಬರದ ಹಾಗೆ ನೋಡಿಕೊಂಡೆ. ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಟ್ರಿಮ್ ಬಿಚ್ಚಿಸಿ, ಹಿಂದೆ ವೈರು ಎಲ್ಲೆಲ್ಲಿ ಹೋಗಿದೆ ಅಂತ ಫೋಟೊ ತೆಗೆದು, ಒಳಗಿನ ತಗಡಿಗೆ ರಿವೆಟ್ ನಟ್ (ತೂತಿನಲ್ಲಿ ಕಚ್ಚಿ ಕೂರುವ ನಟ್) ಹಾಕಿಸಿ, 6 ಮಿ.ಮೀ. ದಪ್ಪದ ಎಂ6 ಬೋಲ್ಟ್‌ನಲ್ಲಿ ಬಿಗಿಸಿದೆ. ಕೊರೆದ ಅಂಚಿಗೆಲ್ಲ ತುಕ್ಕು ಹಿಡಿಯದ ಪೇಂಟ್ ಹಚ್ಚಿದೆ. ಸ್ಟೀಲ್ ಬೋಲ್ಟ್ ಮತ್ತು ಅಲ್ಯೂಮಿನಿಯಮ್ ನಡುವೆ ನೈಲಾನ್ ವಾಷರ್ ಇರಲಿ. ಮಲೆನಾಡಿನ ತೇವಕ್ಕೆ ಎರಡು ಲೋಹ ನೇರ ತಾಗಿಕೊಂಡರೆ ಅಲ್ಯೂಮಿನಿಯಮ್ ಬಿಳಿ ಪುಡಿಯಾಗಿ ತಿನ್ನಿಸಿಕೊಳ್ಳುತ್ತದೆ. ಪ್ಯಾನೆಲ್ ಹಿಂದೆ ಫೋಮ್ ಟೇಪ್ ಅಂಟಿಸಿದ ಮೇಲೆ ಕಟಕಟ ಸದ್ದೂ ನಿಂತಿತು.

ಚೀಲ ನೇಯುವುದರಲ್ಲಿ ಬಹಳ ಜನ ಒಂದೇ ತಪ್ಪು ಮಾಡುತ್ತಾರೆ. ಚೀಲದ ಪಟ್ಟಿಯನ್ನು ಪ್ಯಾನೆಲ್ಲಿನ ಕಂಡಿಗಳೊಳಗೆ ಮಾತ್ರ ನೇರ ಕೆಳಗೆ ಇಳಿಸಿಬಿಡುತ್ತಾರೆ. ಆಗ ಚೀಲ ಮುಂದಕ್ಕೆ ಜೋತು ಬೀಳುತ್ತದೆ. ಚಾಪೆ ಹೆಣೆದ ಹಾಗೆ ಮಾಡಬೇಕು. ಒಂದು ಸಲ ಪ್ಯಾನೆಲ್ಲಿನ ಸಾಲು, ಆಮೇಲೆ ಚೀಲದ ಬೆನ್ನಿನ ಸಾಲು, ಮತ್ತೆ ಪ್ಯಾನೆಲ್. ಹೀಗೆ ಹೆಣೆದರೆ ಚೀಲ ಗೋಡೆಗೆ ಅಂಟಿದ ಹಾಗೆ ಕೂರುತ್ತದೆ, ಗಾಡಿ ಎಷ್ಟು ಕುಣಿದರೂ ಅಲುಗಾಡುವುದಿಲ್ಲ.

ಈಗ ಮುಖ್ಯ ವಿಷಯ, ಏನು ನೇತುಹಾಕಬೇಕು. ಪ್ಯಾನೆಲ್ ಬಂದ ತಕ್ಷಣ ಎಲ್ಲ ಹಾಕಬೇಕು ಅನ್ನಿಸುತ್ತದೆ. ಸನಿಕೆ, ಕೊಡಲಿ, ನೀರಿನ ಕ್ಯಾನು, ಎಲ್ಲ. ನಾನೂ ಮೊದಲು ಕಂಪ್ರೆಸರನ್ನು ಎದೆಮಟ್ಟದಲ್ಲಿ ಕಟ್ಟಿದ್ದೆ. ಒಂದು ರಾತ್ರಿ ಕೂತು ಲೆಕ್ಕ ಮಾಡಿದೆ. 50 ಕಿ.ಮೀ. ವೇಗದಲ್ಲಿ ಹೋಗುವ ಗಾಡಿ ಯಾವುದಕ್ಕಾದರೂ ಗುದ್ದಿ ಅರ್ಧ ಮೀಟರಿನೊಳಗೆ ನಿಂತರೆ, ಒಳಗಿನ ಪ್ರತಿ ವಸ್ತುವೂ ತನ್ನ ತೂಕದ ಸುಮಾರು ಇಪ್ಪತ್ತು ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಮೂರು ಕಿಲೋ ಕಂಪ್ರೆಸರ್ ಅರವತ್ತು ಕಿಲೋ ಆಗುತ್ತದೆ. ಅದರ ಮುಂದೆ ಕೂತಿರುವುದು ನನ್ನ ಮಗಳು. ಮಾರನೇ ದಿನವೇ ಅದನ್ನು ಇಳಿಸಿ ಡಿಕ್ಕಿಯ ನೆಲಕ್ಕೆ, ಸೀಟಿನ ಬೆನ್ನಿಗೆ ಒತ್ತಿ ಕಟ್ಟಿದೆ. ಈಗ ಒಂದು ಕಿಲೋಗಿಂತ ಜಾಸ್ತಿ ಇರುವ ಯಾವ ವಸ್ತುವೂ ನಮ್ಮ ಗೋಡೆಯ ಮೇಲಿಲ್ಲ. ಶ್ಯಾಕಲ್ ಕೂಡ ಕೆಳಗೇ, ಎಳೆಯುವ ಪಟ್ಟಿಯ ಚೀಲದೊಳಗೆ, ಬಾಗಿಲು ತೆಗೆದ ತಕ್ಷಣ ಸಿಗುವ ಬಲ ಮೂಲೆಯಲ್ಲಿ.

ಗೋಡೆಯ ಮೇಲೆ ಏನಿದೆ? ಎಡಗಡೆ ಪ್ರಥಮ ಚಿಕಿತ್ಸೆಯ ಕೆಂಪು ಚೀಲ. ಅದು ಎಳೆದರೆ ಕಿತ್ತು ಬರುವ ವೆಲ್ಕ್ರೋ ಥರದ್ದು, ಚೀಲವನ್ನೇ ಗಾಯಾಳುವಿನ ಹತ್ತಿರ ಒಯ್ಯಬಹುದು. ಅದರ ಪಕ್ಕ ಉಪ್ಪು ಮತ್ತು ಸುಣ್ಣದ ಡಬ್ಬಿ, ಇಂಬಳಕ್ಕೆ. ತಲೆಗೆ ಕಟ್ಟುವ ಟಾರ್ಚ್ ಎರಡು. ಬಲಗಡೆ ಟ್ಯೂಬ್‌ಲೆಸ್ ಪಂಕ್ಚರ್ ಕಿಟ್, ಗಾಳಿ ಅಳೆಯುವ ಗೇಜು, ಕೈಗವಸು, ಮಳೆ ಜಾಕೆಟ್. ಕೆಸರಿಗೆ ಇಳಿಯುವ ಮೊದಲು ನಾನು ಟೈರಿನ ಗಾಳಿಯನ್ನು 18–20 ಪಿಎಸ್‌ಐಗೆ ಇಳಿಸುತ್ತೇನೆ, ಡಾಂಬರು ಸಿಕ್ಕ ತಕ್ಷಣ ಮತ್ತೆ ತುಂಬುತ್ತೇನೆ, ಹಾಗಾಗಿ ಗೇಜು ದಿನಕ್ಕೆ ನಾಲ್ಕು ಸಲ ಬೇಕು. ನಾಲ್ಕು ಸಲ ಬೇಕಾದದ್ದಕ್ಕೆ ಒಳ್ಳೇ ಗೂಟ. ವರ್ಷಕ್ಕೊಮ್ಮೆ ಬೇಕಾದದ್ದು ತಳಕ್ಕೆ ಹೋಗಲಿ. ಬೆಂಕಿ ಆರಿಸುವ ಸಿಲಿಂಡರ್ ಮಾತ್ರ ಹಿಂದೆ ಇಲ್ಲ, ಮುಂದೆ ಸೀಟಿನ ಕೆಳಗೆ ಕಬ್ಬಿಣದ ಕ್ಲಾಂಪಿನಲ್ಲಿ. ಬಾನೆಟ್‌ನಲ್ಲಿ ಹೊಗೆ ಬಂದರೆ ಹಿಂದಕ್ಕೆ ಓಡುವ ಹೊತ್ತು ಇರುವುದಿಲ್ಲ.

ಮುಂದಿನ ಸೀಟಿನ ಬೆನ್ನಿಗೆ ಲೋಹದ ಪ್ಯಾನೆಲ್ ಹಾಕುವವರೂ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ, ಹಿಂದೆ ಕೂತವರ ತಲೆ ಮೊಣಕಾಲು ಹೋಗಿ ಬಡಿಯುವುದು ಅಲ್ಲಿಗೇ. ಅಲ್ಲಿ ಬಟ್ಟೆಯದ್ದು ಸಾಕು. ನಮ್ಮದರಲ್ಲಿ ಮಗಳ ಬಣ್ಣದ ಪೆನ್ಸಿಲ್, ಟಿಶ್ಯೂ, ನೀರಿನ ಬಾಟಲಿ, ವಾಂತಿ ಬಂದರೆ ಕವರು. ಚಾರ್ಮಾಡಿ ಇಳಿಯುವಾಗ ಕವರಿನಷ್ಟು ಮುಖ್ಯವಾದ ಸಾಮಾನು ಇನ್ನೊಂದಿಲ್ಲ.

ಒಂದು ಕಷ್ಟ ಇನ್ನೂ ಉಳಿದಿದೆ. ಒದ್ದೆ ಸಾಮಾನು. ಮಳೆಯಲ್ಲಿ ಬಳಸಿದ ಪಟ್ಟಿ, ಕೈಗವಸು, ಜಾಕೆಟ್ ಮತ್ತೆ ಗೋಡೆಗೆ ಹೋದರೆ ಎರಡೇ ದಿನಕ್ಕೆ ಗಾಡಿಯೆಲ್ಲ ಮುಗ್ಗಲು ವಾಸನೆ, ಚೀಲದ ಹಿಂದೆ ಬೂಸ್ಟು. ಈಗ ಮುಚ್ಚಳ ಇರುವ ಪ್ಲಾಸ್ಟಿಕ್ ಬಕೆಟ್ ಇಟ್ಟಿದ್ದೇನೆ, ಒದ್ದೆಯದ್ದೆಲ್ಲ ಅದರೊಳಗೆ, ಮನೆಗೆ ಬಂದ ಮೇಲೆ ಒಣಗಿಸಿಯೇ ವಾಪಸ್ ಗೂಟಕ್ಕೆ. ಪ್ಲಾಸ್ಟಿಕ್ ಕೇಬಲ್ ಟೈ ಕೂಡ ಬಿಟ್ಟೆ, ಗಾಜಿನ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಪಟಪಟ ಮುರಿಯುತ್ತಿದ್ದವು.

ಈ ಜೂನ್‌ನಲ್ಲಿ ಮೂಡಿಗೆರೆ ದಾಟಿದ ಮೇಲೆ ರಾತ್ರಿ ಒಂಬತ್ತಕ್ಕೆ ಮೊಳೆ ಚುಚ್ಚಿತು. ನಾನು ಗಾಡಿ ಪಕ್ಕಕ್ಕೆ ಹಾಕಿ ಇಳಿಯುವಷ್ಟರಲ್ಲಿ ನನ್ನ ಹೆಂಡತಿ ಹಿಂದಿನ ಬಾಗಿಲು ತೆರೆದು, ಲೈಟು ಹಾಕದೆ, ಟಾರ್ಚ್ ತಲೆಗೆ ಕಟ್ಟಿಕೊಂಡು ಪಂಕ್ಚರ್ ಕಿಟ್ ಕೈಯಲ್ಲಿ ಹಿಡಿದು ನಿಂತಿದ್ದಳು. ಒಂದು ಬ್ಯಾಗೂ ಕೆಳಗೆ ಇಳಿಯಲಿಲ್ಲ. ನನಗೆ ಆ ಹೊತ್ತು ಎಷ್ಟು ಖುಷಿ ಆಯಿತು ಅಂದರೆ, ಟೈರಿಗೆ ಪ್ಲಗ್ ಹಾಕುತ್ತಾ ಹಾಕುತ್ತಾ ಅವಳಿಗೆ ಎರಡು ಸಲ ಥ್ಯಾಂಕ್ಸ್ ಹೇಳಿದೆ.

ತೋಟಕ್ಕೆ ಹೋದಾಗ ದೊಡ್ಡಪ್ಪ ಡಿಕ್ಕಿ ಬಾಗಿಲು ತೆಗೆಸಿ ಒಂದೊಂದೇ ಮುಟ್ಟಿ ನೋಡಿದರು. ಉಪ್ಪು ಸುಣ್ಣದ ಡಬ್ಬಿ ತೆಗೆದು ಮೂಸಿ ನೋಡಿದರು. ಆಮೇಲೆ ಕೇಳಿದರು, "ಕೊಡೆ ಎಲ್ಲೋ?"

"ಮಳೆ ಜಾಕೆಟ್ ಇದೆಯಲ್ಲ ದೊಡ್ಡಪ್ಪ, ನೋಡಿ ಇಲ್ಲಿ."

"ಅದು ನಿಂಗೆ ಆಯ್ತು. ನಿನ್ ಗಾಡಿ ಹತ್ತಿದ ವಯಸ್ಸಾದವ್ರಿಗೆ?"

ಟೈಲ್‌ಗೇಟಿನ ಒಳಮೈ ಇನ್ನೂ ಖಾಲಿ ಇದೆ. ಆ ಬಾಗಿಲಿನ ಕೀಲು ಈಗಾಗಲೇ ಸ್ಟೆಪ್ನಿ ಹೊತ್ತಿದೆ, ಹಾಗಾಗಿ ಅಲ್ಲಿ ಹಗುರದ್ದೇ ಬರಬೇಕು. ಕೊಡೆ ಹಗುರ. ದೊಡ್ಡಪ್ಪನ ಕೊಡೆಯ ಉದ್ದ ಅಳೆದುಕೊಂಡು ಬಂದಿದ್ದೇನೆ, ರಟ್ಟು ಕತ್ತರಿಸಿ ಆಗಿದೆ, ಮುಂದಿನ ಶನಿವಾರ ಪೀಣ್ಯಕ್ಕೆ ಹೋಗಬೇಕು.