ಹಿಂದಿ ಮೇಷ್ಟ್ರ ಟೀವಿ, ನಮ್ಮ ನುಕ್ಕಡ್

ಹತ್ತನೇ ಕ್ಲಾಸಿನಲ್ಲಿ ಏನೇನು ಓದಿದೆವು ಅಂತ ಈಗ ಯಾರಾದರೂ ಕೇಳಿದರೆ ತಲೆ ಕೆರೆದುಕೊಳ್ಳಬೇಕು. ಪೈಥಾಗೊರಸ್ ಇದ್ದ, ಪಾಣಿಪತ್ ಕದನ ಇತ್ತು, ಅಷ್ಟೇ. ಆದರೆ ಹಿಂದಿ ಮೇಷ್ಟ್ರ ಮನೆಯ ಟೀವಿಯ ಬಾಗಿಲು ಎಳೆಯುವಾಗ ಬರುತ್ತಿದ್ದ ಕಿರ್ ಅನ್ನುವ ಸದ್ದು ಇನ್ನೂ ಕಿವಿಯಲ್ಲಿದೆ. ಹೌದು, ಆಗಿನ ಟೀವಿಗೆ ಮರದ ಬಾಗಿಲು ಇರುತ್ತಿತ್ತು. ಮೇಷ್ಟ್ರ ಟೀವಿಗೆ ಬೀಗ ಬೇರೆ. ಕೀಲಿ ಅವರ ಜನಿವಾರದಲ್ಲೋ ಉಡಿದಾರದಲ್ಲೋ ಇರಬೇಕು ಅಂತ ನಾವು ಪಂಥ ಕಟ್ಟುತ್ತಿದ್ದೆವು. ಅದು ಇದ್ದದ್ದು ನಶ್ಯದ ಡಬ್ಬಿಯೊಳಗೆ!

ಮೇಷ್ಟ್ರು ಕಳೆದ ಶ್ರಾವಣದಲ್ಲಿ ತೀರಿಕೊಂಡರು. ಎಂಬತ್ತು ದಾಟಿತ್ತು. ಕರ್ಮಾಂತರದ ಊಟಕ್ಕೆ ಹೋದಾಗ ನಮ್ಮ ಬ್ಯಾಚಿನವರು ಬಹಳ ಜನ ಸಿಕ್ಕರು. ಊಟ ಮುಗಿಸಿ ಗೇಟಿನ ಹತ್ತಿರ ನಿಂತು ಮಾತಿಗೆ ಶುರುಮಾಡಿದ ಹತ್ತು ನಿಮಿಷದಲ್ಲೇ ಹಳೇ ಜಗಳ ಎದ್ದಿತು: 'ಮಾಲ್ಗುಡಿ ಡೇಸ್' ಸೀರಿಯಲ್ಲಿನ ಹುಡುಗರಿಗೆ ಹೋಲಿಸಿದರೆ ನಮ್ಮ ಗುಂಪಿನಲ್ಲಿ ನಿಜವಾದ ಮಣಿ ಯಾರು? ಐವತ್ತು ದಾಟಿದ ಗಂಡಸರು ಸಾವಿನ ಮನೆ ಮುಂದೆ ಈ ವಿಷಯಕ್ಕೆ ದನಿ ಏರಿಸಿದ್ದು ನೋಡಿ ಮೇಷ್ಟ್ರ ಮಗಳು ನಕ್ಕುಬಿಟ್ಟರು. ಶಾಲೆಯ ಸಂಚಿಕೆಗೆ ಬರೆಯಲು ನನ್ನನ್ನೇ ಕೇಳಿದ್ದಾರೆ. ಆ ಕಾಲದಲ್ಲೂ ಗೋಡೆ ಪತ್ರಿಕೆಗೆ ನಾನೇ ಸಂಪಾದಕ, ಹಾಗಾಗಿ ಆಶ್ಚರ್ಯ ಏನೂ ಆಗಲಿಲ್ಲ.

ಈಗಿನ ಮಕ್ಕಳಿಗೆ ಸ್ವಲ್ಪ ಹಿನ್ನೆಲೆ ಹೇಳಬೇಕು. 1986-87ರ ಮಾತು. ದಾವಣಗೆರೆ ಆಗಿನ್ನೂ ಚಿತ್ರದುರ್ಗ ಜಿಲ್ಲೆಯ ಒಂದು ತಾಲೂಕು. ನಮ್ಮ ಬೀದಿಯಲ್ಲಿ ಟೀವಿ ಇದ್ದದ್ದು ಒಂದೋ ಎರಡೋ ಮನೆಯಲ್ಲಿ. ಕಪ್ಪು ಬಿಳುಪು. ಗಾಳಿ ಬೀಸಿದರೆ ಒಬ್ಬ ಮಾಳಿಗೆ ಹತ್ತಿ ಆಂಟೆನಾ ತಿರುಗಿಸಬೇಕು, ಕೆಳಗಿನವರು "ಬಂತು ಬಂತು, ಹೋಯ್ತು, ಅಲ್ಲೇ ಇರ್ಲಿ" ಅಂತ ಕೂಗಬೇಕು. ದೂರದರ್ಶನದಲ್ಲಿ ಆಗ 'ಮಾಲ್ಗುಡಿ ಡೇಸ್' ಬರುತ್ತಿತ್ತು, 'ನುಕ್ಕಡ್', ಅಂದರೆ ಬೀದಿ ಮೂಲೆ, ಬರುತ್ತಿತ್ತು. ಎರಡೂ ಹಿಂದಿ. ನಮ್ಮ ಹಿಂದಿಯೋ, 'ಯಹ್ ಕಲಮ್ ಹೈ' ದಾಟಿರಲಿಲ್ಲ.

ಮೇಷ್ಟ್ರು ಇದನ್ನು ಚೆನ್ನಾಗಿ ಉಪಯೋಗಿಸಿಕೊಂಡರು. "ಲೇ, ಬರ್ರಿ ಮನೀಗೆ, ಹಿಂದಿ ಕಲಿಯೋಕೆ" ಅಂತ ಕರೆದರು. ಹುಬ್ಬಳ್ಳಿ ಕಡೆಯವರು, ಮಾತು ಗಟ್ಟಿ. ನಾವು ಚಾಪೆಯ ಮೇಲೆ, ಅವರು ಟೀವಿ ಪಕ್ಕದಲ್ಲಿ ಕೋಲು ಹಿಡಿದು ನಿಂತು. ಪರದೆಯ ಮೇಲೆ ಮಾಲ್ಗುಡಿಯ ಹುಡುಗ ಸ್ವಾಮಿ ಏನೋ ಅಂದ ಕೂಡಲೇ ಮೇಷ್ಟ್ರು ಅದನ್ನು ಕನ್ನಡದಲ್ಲಿ, ಅದೂ ಹುಬ್ಬಳ್ಳಿ ಕನ್ನಡದಲ್ಲಿ, ಹೇಳುತ್ತಿದ್ದರು. ಹಾಗಾಗಿ ನನ್ನ ಮಟ್ಟಿಗೆ ಸ್ವಾಮಿಯ ಅಪ್ಪನ ಪಾತ್ರ ಮಾಡಿದ ಗಿರೀಶ್ ಕಾರ್ನಾಡರ ದನಿ ಇಂದಿಗೂ ನಮ್ಮ ಮೇಷ್ಟ್ರದ್ದೇ. ನಡುವೆ ಅಮ್ಮಾವ್ರು ಒಗ್ಗರಣೆ ಮಂಡಕ್ಕಿ ತಂದಿಡುತ್ತಿದ್ದರು. ಮಂಡಕ್ಕಿ ಬಾಯಿಗೆ ಹಾಕಿಕೊಂಡು ಅಗಿದರೆ ಸಂಭಾಷಣೆ ಕೇಳದು ಅಂತ ಎಲ್ಲರೂ ಬಾಯಲ್ಲಿಟ್ಟುಕೊಂಡು ನೆನೆಸಿ ನುಂಗುತ್ತಿದ್ದೆವು. ಕರೆಂಟು ಹೋದರೆ ಮುಂದಿನ ಕಥೆ ಮೇಷ್ಟ್ರೇ ಕಟ್ಟಿ ಹೇಳಿಬಿಡೋರು. ಎಷ್ಟೋ ಸಲ ಅವರ ಕಥೆಯೇ ಜಾಸ್ತಿ ಚೆನ್ನಾಗಿರುತ್ತಿತ್ತು.

ಸ್ವಾಮಿ, ಮಣಿ, ರಾಜಂ. ಈ ಮೂವರ ಗೆಳೆತನ ಶುರುವಾಗುವುದೇ ಜಗಳದಿಂದ ಅಲ್ವಾ? ಪೊಲೀಸ್ ಸೂಪರಿಂಟೆಂಡೆಂಟರ ಮಗ ರಾಜಂ ಕ್ಲಾಸಿಗೆ ಬಂದ, ಮಣಿಗೆ ಹೊಟ್ಟೆ ಉರಿಯಿತು. ನದಿ ದಂಡೆಗೆ ಬಾ ನೋಡ್ಕೋತೀನಿ ಅಂತಾಯಿತು. ಅಲ್ಲಿ ಹೊಡೆದಾಟದ ಬದಲು ಸ್ನೇಹವಾಯಿತು. ಗೆಳೆಯರು ಅಂದರೆ ಮೊದಲಿಂದಲೂ ಒಳ್ಳೆಯವರಾಗಿ ಇರಬೇಕು ಅನ್ನುವ ಸೀರಿಯಲ್‌ಗಳ ಮೇಲೆ ನನಗೆ ನಂಬಿಕೆ ಬಾರದ್ದು ಇದಕ್ಕೇ.

ನಮ್ಮಲ್ಲೂ ಹಾಗೇ. ಒಬ್ಬ ಮಿಲ್ಲಿನ ಕಾರ್ಮಿಕರ ಮಗ, ಒಬ್ಬ ಮಂಡಿಪೇಟೆಯ ದಲಾಲಿ ಅಂಗಡಿಯವರ ಮಗ, ನಾನು ಗುಮಾಸ್ತರ ಮಗ. ವರ್ಗವಾಗಿ ಬಂದ ಬ್ಯಾಂಕ್ ಮ್ಯಾನೇಜರರ ಮಗನೊಬ್ಬ ಇಸ್ತ್ರಿ ಹಾಕಿದ ಚಡ್ಡಿಯಲ್ಲಿ ಬರುತ್ತಿದ್ದ. ಅವನೇ ರಾಜಂ, ಅದರಲ್ಲಿ ತಕರಾರಿಲ್ಲ. ಮಣಿಯ ಪಟ್ಟಕ್ಕೆ ಮಾತ್ರ ಇಬ್ಬರು. ಸ್ವಾಮಿ ಯಾರು ಅಂತ ಕೇಳಬೇಡಿ. ಗೊತ್ತಾಗಲಿ ಅಂತಲೇ ನಾನು ಬರೆಯುತ್ತಿರುವುದು.

ಸ್ವಾಮಿಯ ಕ್ರಿಕೆಟ್ ಕ್ಲಬ್ ನೋಡಿ ನಾವೂ ಒಂದು ಕ್ಲಬ್ ಕಟ್ಟಿದೆವು. ಇಂಗ್ಲಿಷ್ ಮೇಷ್ಟ್ರು ಆರ್.ಕೆ. ನಾರಾಯಣರ ಮೂಲ ಕಾದಂಬರಿ ಓದಿದ್ದರು. ಅದರಲ್ಲಿ ಹುಡುಗರು ಮದ್ರಾಸಿನ ಅಂಗಡಿಗೆ ಬ್ಯಾಟು ಬಾಲು ಕಳಿಸಿ ಅಂತ ಪತ್ರ ಹಾಕುತ್ತಾರೆ ಅಂತ ಬಾಯಿತಪ್ಪಿ ಹೇಳಿಬಿಟ್ಟರು. ಸಾಕಾಯಿತು. ಹಳೇ ಬ್ಯಾಟಿನ ಸ್ಟಿಕರಿನಲ್ಲಿ ಬೆಂಗಳೂರಿನ ಒಂದು ಅಂಗಡಿಯ ವಿಳಾಸ ಇತ್ತು. ಇಂಗ್ಲಿಷಿನಲ್ಲಿ ನಾನು ಪತ್ರ ಬರೆದೆ. ಎರಡು ಬ್ಯಾಟು, ಆರು ವಿಕೆಟ್ಟು, ಒಂದು ಡಜನ್ ಬಾಲು, ಕೀಪರ್ ಗ್ಲೌಸು ಒಂದು ಜೊತೆ. ಜವಾನ ಗಂಟೆ ಹೊಡೆಯಲು ಹೋದಾಗ ಆಫೀಸಿನ ಮೇಜಿನ ಮೇಲಿದ್ದ ಸೀಲು ಒತ್ತಿದವನು ದಲಾಲಿ ಅಂಗಡಿಯ ಹುಡುಗ. ಅವನು ನಡೆಯುವಾಗ ಸ್ವಲ್ಪ ತೂರಾಡುತ್ತಿದ್ದ, ಅದಕ್ಕೆ ನುಕ್ಕಡ್‌ನ ಕುಡುಕನ ಹೆಸರು ಅಂಟಿತ್ತು: ಖೋಪಡಿ. ಪಾಪ, ಇವತ್ತಿಗೂ ಒಂದು ತೊಟ್ಟು ಕುಡಿದವನಲ್ಲ, ಹೆಸರು ಮಾತ್ರ ಹೋಗಿಲ್ಲ.

ಉತ್ತರ ಬರುತ್ತೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಬಂತು. 'ಕ್ಯಾಪ್ಟನ್ ಅವರಿಗೆ' ಅಂತ, ಶಾಲೆಯ ವಿಳಾಸಕ್ಕೆ, ಬೆಲೆಪಟ್ಟಿ ಸಮೇತ, ಅರ್ಧ ಹಣ ಮುಂಗಡ ಕಳಿಸಿ ಅನ್ನುವ ವಿನಯದ ಸಾಲಿನ ಜೊತೆ. ಒಡೆದು ಓದಿದವರು ಹೆಡ್‌ಮಾಸ್ಟರು. "ಯಾರೋ ಕ್ಯಾಪ್ಟನ್ನು?" ಅಂದರು. ಸಾಲಾಗಿ ನಿಂತಿದ್ದ ಎಲ್ಲರೂ ಪಕ್ಕದವನನ್ನು ನೋಡಿದೆವು. ಬೆತ್ತ ಮೇಜಿನಿಂದ ಮೇಲೆದ್ದಿತ್ತು. ಅಷ್ಟರಲ್ಲಿ ಹಾಜರಿ ಪುಸ್ತಕ ಇಡಲು ಬಂದ ಹಿಂದಿ ಮೇಷ್ಟ್ರು ಪತ್ರ ಇಸಿದುಕೊಂಡು ಓದಿದರು. ಮೂಗಿಗೆ ನಶ್ಯ ಏರಿಸಿದರು. "ಸಾರ್, ಇವ್ರನ್ನ ನನಗ ಬಿಡ್ರಿ. ಬೆತ್ತಕ್ಕಿಂತ ಕೆಟ್ಟ ಶಿಕ್ಷೆ ಕೊಡ್ತೀನಿ" ಅಂದರು.

ಕೊಟ್ಟರು. ಆ ಪತ್ರವನ್ನು ಹಿಂದಿಗೆ ತರ್ಜುಮೆ ಮಾಡಿ ಪ್ರಾರ್ಥನೆಯಲ್ಲಿ ಇಡೀ ಶಾಲೆಯ ಮುಂದೆ ಓದಬೇಕು, ಒಬ್ಬೊಬ್ಬರೂ. ಹೆಣ್ಣುಮಕ್ಕಳ ಸಾಲು ಮುಂದೆಯೇ ಇರುತ್ತಿತ್ತು ಅಂದರೆ ಶಿಕ್ಷೆಯ ತೂಕ ಅರ್ಥವಾದೀತು. ಖೋಪಡಿ ಕೀಪರ್ ಗ್ಲೌಸಿಗೆ 'ವಿಕೆಟ್ ರಕ್ಷಕ್ ಕೆ ದಸ್ತಾನೆ' ಅಂತ ಎಂಥ ಗಾಂಭೀರ್ಯದಿಂದ ಓದಿದ ಅಂದರೆ ಹೆಡ್‌ಮಾಸ್ಟರೇ ಕರವಸ್ತ್ರ ಬಾಯಿಗೆ ಒತ್ತಿಕೊಂಡರು. ಬ್ಯಾಟು ಮಾತ್ರ ಕೊನೆಗೂ ಬರಲಿಲ್ಲ.

ನುಕ್ಕಡ್ ಬಗ್ಗೆ ಹೇಳದಿದ್ದರೆ ನಮ್ಮ ಗುಂಪಿನ ಅರ್ಧ ಕಥೆ ಬಿಟ್ಟಂತೆ. ಕುಂದನ್ ಶಾ, ಸಯೀದ್ ಮಿರ್ಜಾ ನಿರ್ದೇಶಿಸಿದ್ದು. ಅದರಲ್ಲಿ ಎಲೆಕ್ಟ್ರಿಕ್ ಕೆಲಸದ ಗುರು, ಸೈಕಲ್ ರಿಪೇರಿಯ ಹರಿ, ಹೋಟೆಲಿನ ಕಾದರ್ ಭಾಯ್, ಒಬ್ಬ ಭಿಕ್ಷುಕ, ಒಬ್ಬ ಹವಾಲ್ದಾರ, ಒಬ್ಬರು ಟೀಚರ್. ಇವರೆಲ್ಲ ಒಂದೇ ಕ್ಲಾಸಿನವರಲ್ಲ, ಒಂದೇ ಜಾತಿಯವರಲ್ಲ, ನೆಂಟರಂತೂ ಅಲ್ಲವೇ ಅಲ್ಲ. ಸುಮ್ನೆ ಒಂದು ಬೀದಿ ಮೂಲೆಯಲ್ಲಿ ಸೇರುತ್ತಾರೆ. ಮೂಲೆ ಇರುವುದರಿಂದ ಗುಂಪು. ನನಗೆ ಟೀವಿಯ ಎಲ್ಲ ಗೆಳೆಯರ ಬಳಗಗಳಲ್ಲಿ ಇದೇ ಒಂದು ಕೈ ಮೇಲು. ಮಾಲ್ಗುಡಿಯವರು ಎರಡನೇ ಸ್ಥಾನ. ಇದನ್ನು ಗೇಟಿನ ಹತ್ತಿರ ಹೇಳಿದಾಗಲೂ ಜಗಳವಾಯಿತು.

ನಮಗೂ ಒಂದು ಮೂಲೆ ಇತ್ತು. ಶಾಲೆ ಹಿಂದಿನ ತಿರುವಿನಲ್ಲಿ ಬೇವಿನ ಮರ, ಅದರ ಕೆಳಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಡುವ ಸೈಕಲ್ ಶಾಪು, ಪಕ್ಕದಲ್ಲಿ ಮಿರ್ಚಿ ಗಾಡಿ. ಪಂಕ್ಚರ್ ನೋಡುವ ಬಾಣಲೆಯ ನೀರಿನಲ್ಲಿ ಟ್ಯೂಬು ಅದ್ದಿದಾಗ ಗುಳ್ಳೆ ಎಲ್ಲಿಂದ ಏಳುತ್ತೆ ಅಂತ ಮೊದಲು ತೋರಿಸಿದವನಿಗೆ ಮಿರ್ಚಿಯ ಮೊದಲ ತುಂಡು. ಶಾಪಿನವರನ್ನು ನಾವು ಹರಿ ಭಾಯ್ ಅಂತಲೇ ಕರೆಯುತ್ತಿದ್ದೆವು. ಅವರ ಮನೆಯಲ್ಲಿ ಟೀವಿ ಇರಲಿಲ್ಲ, ಯಾಕೆ ಹಾಗೆ ಕರೀತಾರೆ ಅಂತ ಬಹಳ ದಿನ ಅವರಿಗೆ ಗೊತ್ತೇ ಇರಲಿಲ್ಲ. ಸಂಜೆ ಹತ್ತಿ ಮಿಲ್ಲಿನ ಸೈರನ್ ಕೂಗಿದರೆ ಗುಂಪು ಚದುರುತ್ತಿತ್ತು.

ಮಾಲ್ಗುಡಿಯ ಸ್ವಾಮಿಯ ಕಥೆ ಮುಗಿಯುವಾಗ ರಾಜಂ ಊರು ಬಿಡುತ್ತಾನೆ. ಸ್ವಾಮಿ ಸ್ಟೇಷನ್ನಿಗೆ ಓಡುತ್ತಾನೆ, ಕೈಯಲ್ಲಿ ಕೊಡಬೇಕೆಂದು ತಂದ ಪುಸ್ತಕ. ಆ ದಿನ ಮೇಷ್ಟ್ರು ಒಂದಕ್ಷರ ತರ್ಜುಮೆ ಮಾಡಲಿಲ್ಲ. ಬೇಕಾಗಿಯೂ ಇರಲಿಲ್ಲ. ಆ ಸ್ಟೇಷನ್ನು ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯ ಅರಸಾಳಿನದು, ಮಾಲ್ಗುಡಿ ಊರು ಆಗುಂಬೆಯದು ಅಂತ ತಿಳಿದದ್ದು ಎಷ್ಟೋ ಆಮೇಲೆ. ಅರಸಾಳಿನಲ್ಲಿ ಈಗ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ನಮ್ಮ ರಾಜಂ ರೈಲಿನಲ್ಲಿ ಹೋಗಲಿಲ್ಲ. ಅವನ ಅಪ್ಪನಿಗೆ ವರ್ಗವಾದಾಗ ಸಾಮಾನಿನ ಲಾರಿಯಲ್ಲಿ, ಬೀರು ಮಂಚಗಳ ನಡುವೆ ಕೂತು, ರಾಜನ ಹಾಗೆ ಕೈ ಬೀಸುತ್ತಾ ಹೋದ.

'ಮಾಲ್ಗುಡಿ ಡೇಸ್' ನಿರ್ದೇಶಿಸಿ ಆ ಹುಡುಗರನ್ನು ನಮಗೆ ಕೊಟ್ಟ ಶಂಕರ್‌ನಾಗ್ 1990ರ ಸೆಪ್ಟೆಂಬರ್ 30ರಂದು ತೀರಿಕೊಂಡದ್ದು ನಮ್ಮ ಊರಿನ ಪಕ್ಕದ ಆನಗೋಡಿನಲ್ಲಿ. ಮೂವತ್ತೈದು ವರ್ಷ. ಸುದ್ದಿ ಕೇಳಿದಾಗ ನಾವು ಕಾಲೇಜಿನಲ್ಲಿದ್ದೆವು. ಹರಿ ಭಾಯ್ ಶಾಪಿನ ಸೈಕಲ್‌ಗಳೆಲ್ಲ ಆವತ್ತು ಬಾಡಿಗೆ ಇಲ್ಲದೆ ಹೊರಟವು. ಹೈವೇಯಲ್ಲಿ ಜನವೋ ಜನ. ಅಲ್ಲಿ ಮೇಷ್ಟ್ರೂ ಸಿಕ್ಕರು, ಯಾರದೋ ಲೂನಾದ ಹಿಂದೆ ಕೂತು ಬಂದಿದ್ದರು. ಇವತ್ತಿಗೂ ಆನಗೋಡು ದಾಟುವಾಗ ಬಸ್ಸಿನಲ್ಲಿ ಯಾರಾದರೊಬ್ಬರು ಶಂಕರ್‌ನಾಗ್ ಹೆಸರು ಎತ್ತೇ ಎತ್ತುತ್ತಾರೆ.

ನನ್ನ ಮಗಳಿಗೆ 'ಫ್ರೆಂಡ್ಸ್' ಅಂದರೆ ಪ್ರಾಣ. 1994ರಿಂದ 2004ರವರೆಗೆ ಅಮೆರಿಕದಲ್ಲಿ ಓಡಿದ ಸೀರಿಯಲ್ಲು, ಅವಳು ಹುಟ್ಟುವ ಮೊದಲೇ ಮುಗಿದದ್ದು. ನಾನೂ ಕೂತು ನೋಡಿದೆ. ಚೆನ್ನಾಗಿದೆ, ನಗು ಬರುತ್ತೆ. ಆದರೆ ಕಾಫಿ ಅಂಗಡಿಯ ಆ ಸೋಫಾ ಆರು ಜನಕ್ಕೆ ಯಾವಾಗಲೂ ಖಾಲಿ ಹೇಗೆ ಸಿಗುತ್ತೆ ಅನ್ನುವುದು ನನಗೆ ಬಗೆಹರಿದಿಲ್ಲ. ನಮ್ಮೂರ ಬೆಣ್ಣೆದೋಸೆ ಹೋಟೆಲಿನಲ್ಲಿ ಹಾಗೆ ಕೂತು ನೋಡಲಿ! ಕೊನೇ ತುತ್ತು ಬಾಯಲ್ಲಿರುವಾಗಲೇ ಹಿಂದೆ ನಿಂತವನು ಕುರ್ಚಿ ಹಿಡಿದಿರುತ್ತಾನೆ. "ಅಪ್ಪಾ, ನಿಮಗೆ ಹೊಟ್ಟೆಕಿಚ್ಚು" ಅಂತಾಳೆ ಮಗಳು. ಇರಬಹುದು. ಅವಳ ಹೈಸ್ಕೂಲು ದಿನಗಳು ಶಾಲೆ, ಟ್ಯೂಷನ್ನು, ಮತ್ತೆ ಕೋಚಿಂಗು ಅಂತ ವ್ಯಾನಿನಲ್ಲೇ ಕಳೆದವು. ಗೆಳತಿಯರು ಇದ್ದರು, ಮೂಲೆ ಇರಲಿಲ್ಲ. ಬೇರೆಯವರ ಸೋಫಾ ನೋಡಿಕೊಂಡು ಬೆಳೆದಳು.

ಮೊನ್ನೆ ಶಾಲೆಗೂ ಹೋಗಿ ಬಂದೆವು. ಹೊಸ ಕಟ್ಟಡ, ಕಂಪ್ಯೂಟರ್ ಕೋಣೆ, ಸಿ.ಸಿ. ಕ್ಯಾಮೆರಾ, ಎಲ್ಲಾ ಸರಿ. ಆದರೆ ಅಂಗಳಕ್ಕೆಲ್ಲ ಸಿಮೆಂಟು. ಮಕ್ಕಳು ಊಟದ ಬಿಡುವಿನಲ್ಲಿ ನಿಂತುಕೊಂಡೇ ಮಾತಾಡುತ್ತಿದ್ದರು, ಗಂಟೆ ಹೊಡೆಯುತ್ತಲೇ ಒಳಗೆ. ಹಿಂದಿನ ಬೇವಿನ ಮರ ಮಾತ್ರ ಇದೆ. ಅದರ ಕೆಳಗೆ ಒಂದಿಷ್ಟು ಕಲ್ಲುಬೆಂಚು ಹಾಕಿಸಿ ಕೊಡುತ್ತೇವೆ ಅಂತ ಹೆಡ್‌ಮೇಡಂಗೆ ಹೇಳಿದ್ದೇವೆ, ಅವರೂ ಒಪ್ಪಿದ್ದಾರೆ. ಖೋಪಡಿಗೆ ಗ್ರಾನೈಟಿನವರ ಪರಿಚಯ ಇದೆ, ರೇಟು ಕೇಳಿದ್ದಾನೆ. ಮೇಷ್ಟ್ರ ಹೆಸರು ಹಾಕಬೇಕು ಅನ್ನುವುದಕ್ಕೆ ಎಲ್ಲರೂ ಹೂಂ ಅಂದಿದ್ದಾರೆ. ಕೆಳಗೆ ಸಣ್ಣ ಅಕ್ಷರದಲ್ಲಿ ಕೊಟ್ಟವರ ಹೆಸರೂ ಬೇಕೋ ಬೇಡವೋ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಮಣಿಗಳಿಬ್ಬರೂ ಇನ್ನೂ ಗುದ್ದಾಡುತ್ತಿದ್ದಾರೆ. ಬೇಕು ಅಂತ ನನ್ನ ಅಭಿಪ್ರಾಯ.