ಏನೂ ಬೇಡ ಅನ್ನುವವರಿಗೆ ಏನು ಕೊಡೋದು?

ಡಿಸೆಂಬರ್ 11, 2025, ಗುರುವಾರ, ರಾತ್ರಿ

ಕ್ರಿಸ್‌ಮಸ್‌ಗೆ ಇನ್ನು ಸರಿಯಾಗಿ ಎರಡು ವಾರ. ಮಕ್ಕಳ ಉಡುಗೊರೆಗಳು ಆಗಲೇ ಬಂದು ಕಪಾಟಿನ ಮೇಲೆ ಕೂತಿವೆ. ಅತ್ತೆಗೆ ಏನು, ನಾದಿನಿಗೆ ಏನು ಅನ್ನುವುದೂ ತೀರ್ಮಾನ ಆಗಿದೆ. ಉಳಿದವರು ಇವರೊಬ್ಬರೇ.

ಊಟ ಆದ ಮೇಲೆ ಕೇಳಿದೆ, "ರೀ, ಈ ಸಲ ನಿಮಗೇನು ಬೇಕು?"

"ನನಗೇನು ಬೇಕು? ಎಲ್ಲಾ ಇದೆಯಲ್ಲ."

ಇದು ಅವರು ಸುಮ್ನೆ ಹೇಳುವ ಮಾತಲ್ಲ. ಬೇಕಾದದ್ದನ್ನು ಬೇಕಾದ ದಿನವೇ ತಂದುಕೊಳ್ಳುವ ಮನುಷ್ಯ. ಬೇಡದ್ದನ್ನು ಅಂಗಡಿಯಲ್ಲಿ ಎತ್ತಿ ಕೂಡ ನೋಡುವುದಿಲ್ಲ. ಆದರೂ ಹಬ್ಬದ ಬೆಳಿಗ್ಗೆ ಎಲ್ಲರೂ ಪೊಟ್ಟಣ ಬಿಚ್ಚುತ್ತಾ ಕೂತಿರುವಾಗ ಅವರು ಮಾತ್ರ ಹರಿದ ಕಾಗದ ಆರಿಸುತ್ತಾ ಓಡಾಡುವುದು ನನಗೆ ಇಷ್ಟವಿಲ್ಲ. ದೊಡ್ಡದೇನೂ ಬೇಡ. ದಿನಾ ಕೈಗೆ ಸಿಗುವಂಥ ನಾಲ್ಕೈದು ಸಣ್ಣ ವಸ್ತು ಸಾಕು.

"ಗಂಡಸರಿಗೆ ಉಡುಗೊರೆ" ಅಂತ ಹುಡುಕಿದರೆ ಬರುವುದೆಲ್ಲ ಒಂದೇ ತರಹ. ಪರ್ಸು, ಬೆಲ್ಟು, ಸೆಂಟು, ಏನಾದರೂ ಬರೆದಿರುವ ಮಗ್ಗು. ಅವು ಕೆಟ್ಟವು ಅಂತಲ್ಲ. ಆದರೆ ಅದರಲ್ಲಿ ಇವರೆಲ್ಲಿದ್ದಾರೆ? ಯಾರ ಗಂಡನಿಗಾದರೂ ಕೊಡಬಹುದಾದದ್ದನ್ನು ನನ್ನ ಗಂಡನಿಗೆ ಕೊಡಲು ಮನಸ್ಸು ಬರುವುದಿಲ್ಲ.

ಸಣ್ಣದು ಸಾಕು ಅಂತ ನಾನು ಧೈರ್ಯವಾಗಿ ಹೇಳಲು ಕಾರಣವಿದೆ. 2009ರಲ್ಲಿ ಫ್ರಾನ್ಸಿಸ್ ಫ್ಲಿನ್ ಮತ್ತು ಗೇಬ್ರಿಯಲ್ ಆಡಮ್ಸ್ ಅನ್ನುವವರು ಉಡುಗೊರೆ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಬೆಲೆ ಜಾಸ್ತಿಯಾದಷ್ಟೂ ಮೆಚ್ಚುಗೆ ಜಾಸ್ತಿ ಅಂತ ಕೊಡುವವರು ಅಂದುಕೊಂಡಿದ್ದರು. ಪಡೆದವರನ್ನು ಕೇಳಿದಾಗ ಬೆಲೆಗೂ ಮೆಚ್ಚುಗೆಗೂ ಅಂಥ ನಂಟೇ ಕಾಣಲಿಲ್ಲ. ಅದಕ್ಕೂ ಮೊದಲು, 1993ರಲ್ಲಿ, ಜೋಯೆಲ್ ವಾಲ್ಡ್‌ಫೋಗೆಲ್ ಅನ್ನುವ ಅಮೆರಿಕದ ಅರ್ಥಶಾಸ್ತ್ರಜ್ಞ ಕಾಲೇಜು ವಿದ್ಯಾರ್ಥಿಗಳಿಗೆ ಬಂದ ಕ್ರಿಸ್‌ಮಸ್ ಉಡುಗೊರೆಗಳ ಲೆಕ್ಕ ಹಾಕಿದ್ದರು. ಕೊಟ್ಟವರು ತೆತ್ತ ಹಣದಲ್ಲಿ ಹತ್ತನೇ ಒಂದು ಪಾಲಿನಿಂದ ಮೂರನೇ ಒಂದು ಪಾಲಿನವರೆಗೆ ಪಡೆದವರ ಪಾಲಿಗೆ ವ್ಯರ್ಥವೇ ಅಂತ ಅವರ ಅಂದಾಜು. ಆದರೆ ಸ್ನೇಹಿತರು ಮತ್ತು ಪ್ರೀತಿಸುವವರು ಕೊಟ್ಟದ್ದರಲ್ಲಿ ಈ ನಷ್ಟ ಕಡಿಮೆ. ಹತ್ತಿರದಲ್ಲಿ ಇರುವವರಿಗೆ ತಿಳಿದಿರುತ್ತದೆ, ಅಲ್ವಾ? ಹಾಗಾದರೆ ಜೊತೆಗೇ ಬದುಕುವ ನನಗೆ ಏನು ತಿಳಿದಿದೆ ಅಂತ ಯೋಚಿಸುತ್ತಾ ಕೂತೆ.

ಇವರಿಗೆ ಏನು ಇಲ್ಲ ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಯಾವುದರ ಜೊತೆ ಹೇಗೋ ಸುಧಾರಿಸಿಕೊಂಡು ಹೋಗುತ್ತಿದ್ದಾರೆ ಅಂತ ನೋಡಿದರೆ ಬೇಕಾದಷ್ಟಿದೆ. "ಇನ್ನೂ ನಡೆಯುತ್ತೆ ಬಿಡು" ಅಂತ ಅವರು ಯಾವುದರ ಬಗ್ಗೆ ಹೇಳುತ್ತಾರೋ ಅದನ್ನು ತಮಗಾಗಿ ಎಂದೂ ಹೊಸದು ಕೊಳ್ಳುವುದಿಲ್ಲ. ಅಲ್ಲೇ ನನಗೆ ಜಾಗ ಇರುವುದು.

ಮೊದಲು ಕನ್ನಡಕ. ಅದರ ಕಡ್ಡಿಯ ಸ್ಕ್ರೂ ಪದೇ ಪದೇ ಸಡಿಲವಾಗುತ್ತದೆ. ಇವರು ಚಾಕುವಿನ ತುದಿಯಲ್ಲಿ ಬಿಗಿ ಮಾಡುತ್ತಾರೆ. ನೋಡಿದಾಗೆಲ್ಲ ನನಗೆ ಭಯ. ತುದಿ ಜಾರಿದರೆ ಗ್ಲಾಸಿಗೆ ಗೀರು, ಇಲ್ಲವೇ ಬೆರಳಿಗೆ ಗಾಯ. ಆ ಸ್ಕ್ರೂಗಳು 1.4 ಮಿ.ಮೀ. ಆಸುಪಾಸಿನವು. ಚಾಕು ತಾಗಿ ತಾಗಿ ಸ್ಕ್ರೂ ತಲೆಯ ಸೀಳು ಸವೆದುಹೋದರೆ ಆಮೇಲೆ ಯಾವ ಸ್ಕ್ರೂಡ್ರೈವರ್‌ಗೂ ಹಿಡಿತ ಸಿಗುವುದಿಲ್ಲ. ಅದಕ್ಕೇ ಸಣ್ಣ ಕೆಲಸದ ಸ್ಕ್ರೂಡ್ರೈವರ್ ಒಂದು ಕೊಡಬೇಕು. ಹಿಡಿಯ ತುದಿಯಲ್ಲಿ ತಾನೇ ತಿರುಗುವ ಟೋಪಿ ಇರುವಂಥದ್ದು. ಟೋಪಿಯ ಮೇಲೆ ಒಂದು ಬೆರಳು ಒತ್ತಿ ಹಿಡಿದು ಉಳಿದ ಬೆರಳುಗಳಲ್ಲಿ ತಿರುಗಿಸಬಹುದು, ಜಾರುವುದಿಲ್ಲ. ಜೊತೆಗೆ ಬಿಡಿ ಸ್ಕ್ರೂಗಳ ಪುಟ್ಟ ಡಬ್ಬಿ. ಬಿಗಿ ಮಾಡಿದ ಮೇಲೆ ಸ್ಕ್ರೂ ತಲೆಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಹನಿ ಹಾಕಿದರೆ ಬೇಗ ಸಡಿಲವಾಗುವುದಿಲ್ಲ. ಆ ನೇಲ್ ಪಾಲಿಶ್ ನನ್ನ ಹತ್ತಿರವೇ ಇದೆ, ಅದನ್ನೂ ಡಬ್ಬಿಯೊಳಗೆ ಸೇರಿಸುತ್ತೇನೆ.

ಎರಡನೆಯದು ಬೆಳಕು. ಸಿಂಕಿನ ಕೆಳಗೆ ನೀರು ಸೋರಿದರೆ, ಕಂಪ್ಯೂಟರ್ ಹಿಂದೆ ವಯರ್ ಹುಡುಕಬೇಕಾದರೆ, ಫೋನನ್ನು ಗಲ್ಲ ಭುಜದ ನಡುವೆ ಸಿಕ್ಕಿಸಿಕೊಂಡು ಅದರ ಟಾರ್ಚ್ ಹಾಕಿಕೊಂಡು ತೂರುತ್ತಾರೆ. ಅವರಿಗೆ ತಲೆಗೆ ಕಟ್ಟುವ ಹೆಡ್‌ಲ್ಯಾಂಪ್ ಬೇಕು. ಎರಡೂ ಕೈ ಖಾಲಿ ಇರುತ್ತದೆ. ಇಲ್ಲಿ ಲ್ಯೂಮೆನ್, ಅಂದರೆ ದೀಪ ಎಷ್ಟು ಬೆಳಕು ಕೊಡುತ್ತದೆ ಅನ್ನುವ ಅಳತೆ, ಅದರ ಲೆಕ್ಕಕ್ಕೆ ಮರುಳಾಗಬಾರದು ಅಂತ ನನ್ನ ಅಭಿಪ್ರಾಯ. ಸಾವಿರ ಲ್ಯೂಮೆನ್ ಅಂತ ಬರೆದಿರುವುದನ್ನು ಒಂದು ಮೊಳ ದೂರದ ಬಿಳಿ ಗೋಡೆಗೆ ಹಾಯಿಸಿದರೆ ಬೆಳಕು ವಾಪಸ್ ಕಣ್ಣಿಗೇ ಹೊಡೆಯುತ್ತದೆ. ಮನೆಯೊಳಗಿನ ಕೆಲಸಕ್ಕೆ 100ರಿಂದ 200 ಲ್ಯೂಮೆನ್ ಧಾರಾಳ ಆಯಿತು. ಬೆಳಕನ್ನು ತಗ್ಗಿಸುವ ಸೌಕರ್ಯ ಇರಬೇಕು, ದೀಪ ಕೆಳಕ್ಕೆ ಬಾಗಬೇಕು, ತೂಕ ಕಡಿಮೆ ಇರಬೇಕು. ಚಾರ್ಜ್ ಆಗುವಂಥದ್ದಾದರೆ ಕಾಗದ ಸುತ್ತುವ ಮುಂಚೆ ಪೂರ್ತಿ ಚಾರ್ಜ್ ಮಾಡಿ ಇಡುತ್ತೇನೆ. ಬಿಚ್ಚಿದ ಕೂಡಲೇ ಹಾಕಿ ನೋಡದಿದ್ದರೆ ಇವರಿಗೆ ಸಮಾಧಾನವಿಲ್ಲ.

ಆಮೇಲೆ ಪೆನ್ನು. ಹೊಸ ಪೆನ್ನಲ್ಲ! ಅವರ ಹಳೇ ಸ್ಟೀಲ್ ಬಾಲ್‌ಪೆನ್ನೇ ಅವರಿಗೆ ಪ್ರಾಣ. ಮನೆಯ ಲೆಕ್ಕವೆಲ್ಲ ಅದರಲ್ಲೇ. ರೀಫಿಲ್ ಮುಗಿಯುತ್ತಾ ಬಂದು ಎಷ್ಟೋ ಕಾಲವಾಯಿತು, ಹಳೇ ಕಾಗದದ ಮೇಲೆ ಗೀಚಿ ಗೀಚಿ ಇಂಕು ಬರಿಸಿಕೊಂಡು ಬರೆಯುತ್ತಾರೆ. ಇವತ್ತು ಅವರು ಸ್ನಾನಕ್ಕೆ ಹೋದಾಗ ಪೆನ್ನು ಬಿಚ್ಚಿ ಸ್ಕೇಲು ಇಟ್ಟು ನೋಡಿದೆ. ಸುಮಾರು 98 ಮಿ.ಮೀ., ಪಾರ್ಕರ್ ಮಾದರಿಯದು. ಖುಷಿಯಾಯಿತು, ಯಾಕೆಂದರೆ ಆ ಅಳತೆಯ ರೀಫಿಲ್‌ಗಳನ್ನು ಎಷ್ಟೋ ಕಂಪನಿಗಳು ಮಾಡುತ್ತವೆ. ಅದೇ ಅಳತೆಯಲ್ಲಿ ಜೆಲ್ ರೀಫಿಲ್ ಕೂಡ ಸಿಗುತ್ತದೆ, ಬರೆಯಲು ಇನ್ನೂ ನುಣುಪು. ಆದರೆ ಇವರು ಎಡಗೈಯವರು. ಬರೆದ ಸಾಲಿನ ಮೇಲೆಯೇ ಕೈ ಹಾದುಹೋಗುತ್ತದೆ, ಜೆಲ್ ಇಂಕು ಒಣಗುವುದರೊಳಗೆ ಅಂಗೈ ಎಲ್ಲಾ ನೀಲಿ. ಬಾಲ್‌ಪಾಯಿಂಟಿನದು ಎಣ್ಣೆಯಂಥ ಇಂಕು, ಹಾಗೆ ಮೆತ್ತಿಕೊಳ್ಳುವುದು ಕಡಿಮೆ. ಅದನ್ನೇ ಮೂರು ತರಿಸುತ್ತೇನೆ. ಮೂರು ರೀಫಿಲ್ ಅಂದರೆ ಒಂದು ಉಡುಗೊರೆಯಾ ಅಂತ ಯಾರಾದರೂ ಕೇಳಬಹುದು. ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ಅವರಿಗೆ ಜಾಸ್ತಿ ಖುಷಿ ಕೊಡುವುದು ಅದೇ.

ಕಾಲ್ಚೀಲದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಲ್ಲವೂ ಒಂದೇ ಬಣ್ಣ, ಒಂದೇ ತರಹದ್ದು ಇರಬೇಕು. ಒಂದಕ್ಕೆ ತೂತು ಬಿದ್ದರೆ ಇನ್ನೊಂದು ಬೇರೆ ಯಾವುದರ ಜೊತೆಗಾದರೂ ಜೋಡಿಯಾಗುತ್ತದೆ. ಬೆರಳಿನ ಕಡೆಯ ಹೊಲಿಗೆ ಚಪ್ಪಟೆ ಇದೆಯಾ ಅಂತ ಒಳಗೆ ಕೈ ಹಾಕಿ ನೋಡಿ ಕೊಳ್ಳಬೇಕು. ಅಷ್ಟೇ. ಚಾರ್ಜಿಂಗ್ ಕೇಬಲ್ ಕೂಡ ಪಟ್ಟಿಯಲ್ಲಿತ್ತು, ತೆಗೆದುಹಾಕಿದೆ. ಹೊಸ ಕೇಬಲ್ ತಂದರೆ ಅದು ಮನೆಯವರೆಲ್ಲರದ್ದಾಗುತ್ತದೆ, ಇವರ ಕೈಗೆ ಮತ್ತೆ ಹಳೆಯದೇ.

ಇನ್ನೊಂದಿದೆ. ಅದನ್ನು ಯೋಚಿಸಿದಾಗಿನಿಂದ ಮನಸ್ಸು ತುಂಬಿದಂತಿದೆ. ಇವರ ಪರ್ಸಿನಲ್ಲಿ ಮಾವನವರ ಒಂದು ಸಣ್ಣ ಫೋಟೋ ಇದೆ. ಮಡಚಿ ಮಡಚಿ ಮಧ್ಯೆ ಗೆರೆ ಬಿದ್ದು ಮುಖವೇ ಕಾಣುವುದಿಲ್ಲ. ಅದರ ಬಗ್ಗೆಯೂ "ಇರಲಿ ಬಿಡು" ಅಂತಲೇ ಹೇಳುತ್ತಾರೆ. ಅತ್ತೆಯ ಹಳೇ ಆಲ್ಬಮ್ಮಿನಲ್ಲಿ ಮಾವ ಇವರಿಗೆ ಸೈಕಲ್ ಕಲಿಸುತ್ತಿರುವ ಫೋಟೋ ಒಂದಿರುವುದು ನನಗೆ ಗೊತ್ತು. ಎರಡು ಇಂಚು ಅಗಲ ಇರಬಹುದು. ಅದನ್ನು 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕೆಯಂತೆ, ಸ್ಕ್ಯಾನ್ ಮಾಡಿದರೆ ಅಗಲಕ್ಕೆ 1200 ಪಿಕ್ಸೆಲ್ ಬರುತ್ತದೆ. ಪ್ರಿಂಟಿಗೆ 300 ಡಿಪಿಐ ಹಿಡಿದರೆ ನಾಲ್ಕು ಇಂಚಿನವರೆಗೂ ದೊಡ್ಡದು ಮಾಡಬಹುದು. ಪರ್ಸಿಗೆ ಒಂದು ಚಿಕ್ಕದು, ಮೇಜಿನ ಮೇಲೆ ಇಡಲು ಒಂದು.

ಅತ್ತೆಗೆ ಆಗಲೇ ಫೋನ್ ಮಾಡಿ ಹೇಳಿದ್ದೇನೆ. ಆ ಆಲ್ಬಮ್ಮಿನ ಹಾಳೆಗೆ ಅಂಟು ಇದೆ, ಫೋಟೋ ಬಲವಂತವಾಗಿ ಎಳೆದರೆ ಹರಿಯುತ್ತದೆ. "ಎಳೆಯಬೇಡಿ ಅತ್ತೆ, ನಾನೇ ಬಂದು ಬಿಡಿಸುತ್ತೇನೆ" ಅಂದೆ. ಹಲ್ಲಿನ ಸಂದಿ ಶುಚಿ ಮಾಡುವ ದಾರವನ್ನು ಫೋಟೋ ಹಿಂದೆ ಮೆಲ್ಲಗೆ ಆಚೀಚೆ ಆಡಿಸಿದರೆ ಅಂಟು ಬಿಡುತ್ತದೆ. ಅದೂ ಬಿಡದಿದ್ದರೆ ಹಾಳೆ ಸಮೇತ ಸ್ಕ್ಯಾನ್ ಮಾಡಿಸುವುದು.

ಈಗ ಎಲ್ಲರೂ ಹಳೇ ಫೋಟೋಗೆ ಬಣ್ಣ ತುಂಬಿಸುತ್ತಾರೆ, ಮುಖ ನುಣುಪು ಮಾಡಿಸುತ್ತಾರೆ. ನನಗೆ ಬೇಡ. ಮಾವನವರ ಅಂಗಿ ಯಾವ ಬಣ್ಣದ್ದು ಅಂತ ಕಂಪ್ಯೂಟರ್‌ಗೆ ಹೇಗೆ ಗೊತ್ತು? ಕಪ್ಪು ಬಿಳುಪಿನಲ್ಲೇ ಇರಲಿ. ಧೂಳಿನ ಚುಕ್ಕೆ ತೆಗೆದರೆ ಸಾಕು.

ಭಾನುವಾರ ಅತ್ತೆ ಮನೆಗೆ ಹೋಗಬೇಕು. ರೀಫಿಲ್, ಹೆಡ್‌ಲ್ಯಾಂಪ್, ಸ್ಕ್ರೂಡ್ರೈವರ್ ನಾಳೆಯೇ ಆರ್ಡರ್ ಮಾಡಿಬಿಡುತ್ತೇನೆ, ಹಬ್ಬ ಹತ್ತಿರ ಬಂದಷ್ಟೂ ಪಾರ್ಸೆಲ್ ತಡ. ಡಬ್ಬಿಯ ಮೇಲೆ ನನ್ನ ಹೆಸರೇ ಇರಲಿ. ಅವರ ಹೆಸರಿದ್ದರೆ ಬಾಗಿಲಲ್ಲೇ ಬಿಚ್ಚಿಬಿಡುತ್ತಾರೆ.